ವರ್ಷಗಟ್ಟಲೆ ನಿಂತಿದ್ದ ಮಾರುತಿ 800 ಎಂಜಿನ್: ಮೊದಲ ಸ್ಟಾರ್ಟ್‌ಗೆ ಮುಂಚೆ ನಾನು ಮಾಡಿದ ಕೆಲಸ

ಬಹಳ ಕಾಲ ನಿಂತ ಎಂಜಿನ್‌ಗೆ ಆಗುವ ಹಾನಿಯಲ್ಲಿ ದೊಡ್ಡ ಪಾಲು ಅದನ್ನು ಮತ್ತೆ ಎಬ್ಬಿಸುವ ಮೊದಲ ಅರ್ಧ ನಿಮಿಷದಲ್ಲೇ ಆಗುತ್ತದೆ ಎಂಬುದು ಬಳ್ಳಾರಿಯಲ್ಲಿ ಗ್ಯಾರೇಜ್ ನಡೆಸುತ್ತ ಬಂದಿರುವ ನನ್ನ ಅಭಿಪ್ರಾಯ. ನಿಂತಷ್ಟು ಕಾಲವೂ ಆಯಿಲ್ ಇಳಿದು ಎಂಜಿನ್ ತಳದ ತೊಟ್ಟಿ, ಅಂದರೆ ಚೇಂಬರ್ ಸೇರಿರುತ್ತದೆ. ಬೇರಿಂಗ್, ವಾಲ್ವ್‌ಗಳನ್ನು ಆಡಿಸುವ ಕ್ಯಾಮ್, ಸಿಲಿಂಡರ್ ಗೋಡೆ ಎಲ್ಲವೂ ಒಣಗಿರುತ್ತವೆ. ಆ ಸ್ಥಿತಿಯಲ್ಲಿ ಬ್ಯಾಟರಿ ಜೋಡಿಸಿ ಸೆಲ್ಫ್ ಹೊಡೆದರೆ, ಅಥವಾ ನಮ್ಮ ಕಡೆ ರೂಢಿಯಿರುವಂತೆ ಕಾರ್ಬೊರೇಟರ್ ಬಾಯಿಗೆ ಪೆಟ್ರೋಲ್ ಸುರಿದು ನಾಲ್ಕು ಜನ ಸೇರಿ ದಬ್ಬಿದರೆ, ಎಂಜಿನ್ ಸ್ಟಾರ್ಟ್ ಆಗಲೂಬಹುದು. ಆದರೆ ಸುರಿದ ಪೆಟ್ರೋಲ್ ಗೋಡೆಯ ಮೇಲೆ ಉಳಿದಿದ್ದ ಅಷ್ಟಿಷ್ಟು ಜಿಡ್ಡನ್ನೂ ತೊಳೆದು ಹಾಕುತ್ತದೆ, ಮತ್ತು ಪಿಸ್ಟನ್ ರಿಂಗ್‌ಗಳು ಕಬ್ಬಿಣದ ಮೇಲೆ ಕಬ್ಬಿಣವಾಗಿ ಉಜ್ಜುತ್ತವೆ. ಅದರ ಬೆಲೆ ಗೊತ್ತಾಗುವುದು ಕೆಲವು ತಿಂಗಳ ಮೇಲೆ, ಕಾರು ಆಯಿಲ್ ಕುಡಿಯಲು ತೊಡಗಿದಾಗ.

ಇಲ್ಲಿ ಬರೆಯುತ್ತಿರುವುದು ಸಂಡೂರು–ತೋರಣಗಲ್ಲು ನಡುವಿನ ಒಂದು ಊರಿನಿಂದ ಬಂದ ಮಾರುತಿ 800ರ ಎಂಜಿನ್ ಕುರಿತು. 796 ಸಿಸಿಯ ಮೂರು ಸಿಲಿಂಡರಿನ ಎಫ್8ಬಿ ಎಂಜಿನ್ ಅದು. ಇಂಜೆಕ್ಷನ್ ಬರುವುದಕ್ಕೆ ಮೊದಲಿನದು, ಕಾರ್ಬೊರೇಟರಿನದು. ಮಾಲೀಕರು ನಿವೃತ್ತ ಮಾಸ್ತರು. ಬಾಡಿಯ ತಗಡಿನ ಕೆಲಸಕ್ಕೆಂದು ಎಂಜಿನ್ ಇಳಿಸಿದ ಮೇಲೆ ಕೆಲಸ ಅರ್ಧಕ್ಕೇ ನಿಂತು, ಎಂಜಿನ್ ಮನೆಯ ಹಿಂದಿನ ಕೋಣೆಯಲ್ಲಿ ಜೋಳದ ಚೀಲಗಳ ಪಕ್ಕ ಗೋಣಿತಟ್ಟು ಹೊದ್ದು ಹಲವು ವರ್ಷ ಕುಳಿತಿತ್ತು. ನಾನು ಮೊದಲು ಕೇಳಿದ್ದು, ಇಳಿಸುವಾಗ ಎಂಜಿನ್ ಹೇಗೆ ಓಡುತ್ತಿತ್ತು ಎಂಬುದನ್ನು. ಬಿಸಿಯಾಗಿ ನಿಂತದ್ದೋ, ಹೊಗೆ ಬಿಡುತ್ತಿದ್ದದ್ದೋ ಆಗಿದ್ದರೆ ಸಿಲಿಂಡರುಗಳ ಮೇಲೆ ಕೂರುವ ಹೆಡ್ ಬಿಚ್ಚದೆ ಮುಂದುವರಿಯುವುದರಲ್ಲಿ ಅರ್ಥವಿಲ್ಲ. ಓಡುತ್ತಲೇ ಇದ್ದ ಎಂಜಿನ್ ಎಂದು ಅವರು ಖಚಿತವಾಗಿ ಹೇಳಿದರು. ಬ್ಲಾಕಿನ ಮೇಲಿನ ನಂಬರನ್ನು ಆರ್‌ಸಿಯೊಂದಿಗೆ ತಾಳೆ ನೋಡಿ ಕೆಲಸ ಹಿಡಿದೆ. ಬೇರೆ ಕಾರಿನ ಎಂಜಿನ್ ಆಗಿದ್ದರೆ ಆರ್‌ಟಿಒ ಕಚೇರಿಯ ಕೆಲಸವೂ ಇದರೊಂದಿಗೆ ಬರುತ್ತಿತ್ತು.

ಆ ಅದಿರು ಗಣಿಗಳ ಸೀಮೆಯ ಎಂಜಿನ್ ಬಂದರೆ ಸ್ಪ್ಯಾನರ್ ಹಿಡಿಯುವುದಕ್ಕೆ ಮೊದಲು ಧೂಳಿನ ಲೆಕ್ಕ ಚುಕ್ತಾ ಮಾಡಬೇಕು. ಅದಿರಿನ ಕೆಂಪು ಧೂಳು ಹೊಲದ ಮಣ್ಣಿನ ಧೂಳಿನಂಥದ್ದಲ್ಲ. ಅದು ಕಬ್ಬಿಣದ ಆಕ್ಸೈಡ್. ಅಕ್ಕಸಾಲಿಗರು ಚಿನ್ನಕ್ಕೆ ಹೊಳಪು ಕೊಡಲು ಬಳಸುವ ಕೆಂಪು ಪುಡಿಯೂ ಮೂಲತಃ ಅದೇ ವಸ್ತು. ಅಂಥದ್ದು ಸ್ಪಾರ್ಕ್ ಪ್ಲಗ್ಗಿನ ಗುಂಡಿಯಿಂದ ಸಿಲಿಂಡರಿಗೆ ಬಿದ್ದರೆ ಏನಾಗುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಆದ್ದರಿಂದ ಮೊದಲು ಇನ್‌ಟೇಕ್, ಎಕ್ಸಾಸ್ಟ್, ನೀರಿನ ಪೈಪು, ಆಯಿಲ್ ಹಾಕುವ ಬಾಯಿ ಎಲ್ಲವನ್ನೂ ಮುಚ್ಚಿ, ಡೀಸೆಲ್ ಮತ್ತು ಬ್ರಷ್ಷಿನಿಂದ ಮೈಯೆಲ್ಲ ತೊಳೆದು, ಕಂಪ್ರೆಸರ್ ಗಾಳಿ ಹೊಡೆದೆ. ಪ್ಲಗ್‌ಗಳನ್ನು ಅರ್ಧ ಸುತ್ತು ಮಾತ್ರ ಸಡಿಲಿಸಿ ಮತ್ತೆ ಸುತ್ತಲೂ ಗಾಳಿ ಹೊಡೆದು, ಆಮೇಲೆ ಪೂರ್ತಿ ಬಿಚ್ಚಿದೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕಡೆಗಳಿಂದ ತುಂಡು ಬಟ್ಟೆ ಧಾರಾಳವಾಗಿ ಸಿಗುತ್ತದೆ, ಕೈ ಒರೆಸಲು ಅದು ಒಳ್ಳೆಯದೇ. ಎಂಜಿನ್ನಿನ ಒಳಭಾಗ ಒರೆಸಲು ಮಾತ್ರ ಅದನ್ನು ಬಳಸಬಾರದು. ಅದರ ಎಳೆಗಳು ಉದುರಿ ಆಯಿಲ್ ಪಂಪಿನ ಬಾಯಿಯ ಜಾಲರಿಗೆ, ಅಂದರೆ ಸ್ಟ್ರೈನರ್‌ಗೆ ಸುತ್ತಿಕೊಳ್ಳುತ್ತವೆ.

ಹೊಗೆ ಹೊರಹೋಗುವ ಕೊಳವೆ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬಿಚ್ಚಿ ಹಾಕಿದ್ದರಿಂದ ಹೆಡ್ಡಿನ ಆ ಮೂರು ತೂತುಗಳಿಗೆ ಬಟ್ಟೆ ತುರುಕಿದ್ದರು. ಎರಡರಲ್ಲಿ ಬಟ್ಟೆ ಇತ್ತು. ಮೂರನೆಯದರಲ್ಲಿ ಬಟ್ಟೆ ಎಂದೋ ಬಿದ್ದುಹೋಗಿ ಕಣಜ ಗೂಡು ಕಟ್ಟಿತ್ತು: ಬೆರಳಿನ ಗಾತ್ರದ ಮಣ್ಣಿನ ಕೊಳವೆಗಳು ಒಂದಕ್ಕೊಂದು ಅಂಟಿ, ಒಡೆದಾಗ ಒಣಗಿದ ಜೇಡಗಳು ಉದುರಿದವು. ಗಾಳಿ ಹೊಡೆದರೆ ಮಣ್ಣು ವಾಲ್ವ್ ದಾಟಿ ಒಳಗೆ ಹೋಗುವ ಸಂಭವವಿತ್ತು. ಆದ್ದರಿಂದ ಎಂಜಿನ್ ಅನ್ನು ಸ್ಟ್ಯಾಂಡಿನ ಮೇಲೆ ಆ ತೂತು ಕೆಳಮುಖವಾಗುವಂತೆ ಓರೆ ಮಾಡಿ, ಮರದ ಕಡ್ಡಿಯಿಂದ ಕೆದಕಿ ಕೆದಕಿ ಬೀಳಿಸಿ, ಉಳಿದ ಪುಡಿಯನ್ನು ವ್ಯಾಕ್ಯೂಮ್ ಕ್ಲೀನರಿನ ಸಣ್ಣ ನಳಿಕೆಯಿಂದ ಎಳೆದೆ.

ಮೊದಲೆರಡು ಪ್ಲಗ್‌ಗಳು ಒಣ ಮಸಿಯ ಬಣ್ಣದಲ್ಲಿದ್ದವು. ಮೂರನೆಯದು ತುಕ್ಕು ಹಿಡಿದಿತ್ತು. ಎಂಜಿನ್ ನಿಂತಾಗ ಯಾವುದೋ ಒಂದು ಸಿಲಿಂಡರಿನಲ್ಲಿ ವಾಲ್ವ್ ತೆರೆದೇ ಇರುತ್ತದೆ, ಅದರ ಮೂಲಕ ಮಳೆಗಾಲದ ತೇವದ ಗಾಳಿ ಒಳಹೊರಗೆ ಆಡುತ್ತದೆ. ಮೊಬೈಲ್‌ಗೆ ಜೋಡಿಸುವ ಸಣ್ಣ ಕ್ಯಾಮೆರಾವನ್ನು ಪ್ಲಗ್ಗಿನ ತೂತಿನಲ್ಲಿ ಇಳಿಸಿ ನೋಡಿದಾಗ ಮೂರನೇ ಸಿಲಿಂಡರಿನ ಗೋಡೆಯಲ್ಲಿ ಪಿಸ್ಟನ್‌ಗಿಂತ ತುಸು ಮೇಲೆ ಕಂದು ಪಟ್ಟಿ ಕಂಡಿತು. ಗುಳಿ ಬಿದ್ದ ತುಕ್ಕಾಗಿರದೆ ಮೇಲ್ಪದರದ ತುಕ್ಕಾಗಿದ್ದರಿಂದ ಹೆಡ್ ಬಿಚ್ಚದೆಯೇ ಪ್ರಯತ್ನಿಸಲು ತೀರ್ಮಾನಿಸಿದೆ. ಬೇರೆಯವರು ಇದೇ ಹಂತದಲ್ಲಿ ಹೆಡ್ ಎತ್ತಿಬಿಡುತ್ತಿದ್ದರು, ಅದು ತಪ್ಪೆಂದು ನಾನು ಹೇಳಲಾರೆ. ಆದರೆ ಓಡುತ್ತಿದ್ದ ಎಂಜಿನ್ನಿನ ಗ್ಯಾಸ್ಕೆಟ್ ಅನ್ನು ಕಾರಣವಿಲ್ಲದೆ ಕದಲಿಸಬಾರದೆಂಬುದು ನನ್ನ ಪದ್ಧತಿ.

ಮೂರೂ ಸಿಲಿಂಡರಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಎಟಿಎಫ್ ಆಯಿಲ್ ಅನ್ನು ತುಸು ಡೀಸೆಲ್ ಬೆರೆಸಿ ಎರಡೆರಡು ಚಮಚದಷ್ಟು ಬಿಟ್ಟು, ಪ್ಲಗ್ಗಿನ ತೂತುಗಳನ್ನು ಮುಚ್ಚಿ ಎಂಜಿನ್ ಅನ್ನು ಮುಟ್ಟದೆ ಬಿಟ್ಟೆ. ಈ ಕಾಯುವಿಕೆ ಹುಡುಗರಿಗೆ ಹಿಡಿಸುವುದಿಲ್ಲ. "ಅಣ್ಣಾ, ಒಂದ್ಸಲ ಸೆಲ್ಫ್ ಹೊಡ್ದು ನೋಡಾಣ, ತಿರುಗಿದ್ರ ತಿರುಗ್ತೈತಿ" ಎಂದ ನಮ್ಮ ಹುಡುಗ. ಸೆಲ್ಫ್‌ಗೆ ಎಲ್ಲಿ ನಿಲ್ಲಬೇಕೆಂಬುದು ತಿಳಿಯದು, ಕೈಗೆ ತಿಳಿಯುತ್ತದೆ. ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ, ಗಿಡ್ಡನೆಯ ಹಿಡಿಯಿಂದ, ಎಂಜಿನ್ ಓಡುವ ದಿಕ್ಕಿಗೇ ಒತ್ತಿದೆ. ಹಿಡಿಗೆ ಉದ್ದನೆಯ ಪೈಪು ಸಿಕ್ಕಿಸುವುದನ್ನು ನಾನು ಯಾರಿಗೂ ಬಿಡುವುದಿಲ್ಲ, ಏಕೆಂದರೆ ಅಂಟಿದ ರಿಂಗ್ ಮುರಿಯಲು ಅಷ್ಟೇ ಬಲ ಸಾಕು. ಮೊದಲ ದಿನ ಅಲುಗಲಿಲ್ಲ. ಮತ್ತೆ ಆಯಿಲ್ ಬಿಟ್ಟು ಕಾದ ಮೇಲೆ ಒಂದು ಸಣ್ಣ 'ಟಕ್' ಎಂದು ಬಿಟ್ಟುಕೊಟ್ಟಿತು. ಅಲ್ಲಿಂದ ಬೆರಳಗಲ ಬೆರಳಗಲವಾಗಿ ಸರಿಸಿ ಒಂದು ಸುತ್ತು ಮುಗಿಸಿದೆ.

ಪೂರ್ತಿ ಸುತ್ತುವುದಕ್ಕೆ ಮೊದಲು ವಾಲ್ವ್‌ಗಳ ಮೇಲಿನ ಮುಚ್ಚಳ, ಟ್ಯಾಪೆಟ್ ಕವರ್ ತೆಗೆದಿರಬೇಕು. ಆರು ವಾಲ್ವ್‌ಗಳಲ್ಲಿ ಒಂದೊಂದೂ ಇಳಿದು ಮತ್ತೆ ಮೇಲೇಳುವುದನ್ನು ಕಣ್ಣಿನಿಂದ ನೋಡಬೇಕು. ಮೂರನೆಯ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್, ಕಣಜ ಗೂಡು ಕಟ್ಟಿದ್ದ ಕಡೆಯದೇ, ಇಳಿಯಿತು, ಏಳಲಿಲ್ಲ; ವಾಲ್ವನ್ನು ಒತ್ತುವ ರಾಕರ್ ಮತ್ತು ವಾಲ್ವಿನ ತುದಿಯ ನಡುವೆ ಕಾಗದದ ದಪ್ಪಕ್ಕಿಂತ ಎಷ್ಟೋ ಹೆಚ್ಚು ಸಂದು ಉಳಿಯಿತು. ಅಲ್ಲಿಯೇ ತಿರುಗಿಸುವುದನ್ನು ನಿಲ್ಲಿಸಿದೆ. ಸ್ಪ್ರಿಂಗಿನ ಒಳಗೆ ವಾಲ್ವಿನ ಕಾಂಡದ ಬುಡಕ್ಕೆ ಹನಿಹನಿಯಾಗಿ ಎಟಿಎಫ್ ಬಿಟ್ಟು, ನೈಲಾನ್ ಸುತ್ತಿಗೆಯಿಂದ ಸ್ಪ್ರಿಂಗಿನ ತಟ್ಟೆಯ ಮೇಲೆ ಮೆಲ್ಲಗೆ ತಟ್ಟುತ್ತ ಹೋದಂತೆ ವಾಲ್ವ್ ಅರ್ಧ ಎದ್ದಿತು, ಆಮೇಲೆ ಪೂರ್ತಿ ಎದ್ದಿತು. ಅದು ಪ್ರತಿ ಸಲವೂ ಚಟ್ಟನೆ ಏಳುವವರೆಗೆ ಅದನ್ನೇ ಮಾಡಿದೆ. ಸೆಲ್ಫ್ ಹೊಡೆದಿದ್ದರೆ ಇದು ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು.

ಚೇಂಬರಿನ ಆಯಿಲ್ ಇಳಿಸುವಾಗ ಡ್ರೈನ್ ಬೋಲ್ಟ್ ಅನ್ನು ಒಮ್ಮೆಲೇ ತೆಗೆಯದೆ ನಿಧಾನವಾಗಿ ಸಡಿಲಿಸುವುದಕ್ಕೆ ಕಾರಣವಿದೆ. ನೀರಿದ್ದರೆ ಅದು ಆಯಿಲ್‌ಗಿಂತ ಭಾರವಾದ್ದರಿಂದ ತಳದಲ್ಲಿದ್ದು ಮೊದಲು ಹನಿಯುತ್ತದೆ. ನೀರು ಬರಲಿಲ್ಲ, ಕರಿಯ ಆಯಿಲೇ ಬಂತು. ಚೇಂಬರ್ ಇಳಿಸಿದಾಗ ತಳದಲ್ಲಿ ಗ್ರೀಸಿನಂತೆ ಗಟ್ಟಿಯಾದ ಕೆಸರು, ಸ್ಟ್ರೈನರಿನ ಜಾಲರಿಯ ಅರ್ಧ ಮುಚ್ಚಿತ್ತು. ಹೊಸ ಆಯಿಲ್ ಹಾಕಿ ಸ್ಟಾರ್ಟ್ ಮಾಡಿದ್ದರೆ ಈ ಕೆಸರೇ ಸಡಿಲಗೊಂಡು ಪಂಪಿನ ಬಾಯಿ ಕಟ್ಟುತ್ತಿತ್ತು. ಎಂಜಿನ್ ಕೆಳಗಿರುವಾಗ ಚೇಂಬರ್ ಬಿಚ್ಚುವುದು ಅರ್ಧ ಗಂಟೆಯ ಮಾತು, ಕಾರಿನಲ್ಲಿದ್ದಾಗ ಅದೇ ಒಂದು ತಲೆನೋವು.

ನಮ್ಮ ಜಿಲ್ಲೆ ಮಳೆ ಕಡಿಮೆಯ ಸೀಮೆ, ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮಲೆನಾಡಿನಲ್ಲಿ ನಿಂತ ಎಂಜಿನ್ನನ್ನು ತುಕ್ಕು ತಿಂದರೆ ಇಲ್ಲಿ ಮೊದಲು ಸಾಯುವುದು ರಬ್ಬರ್. ಕ್ರ್ಯಾಂಕಿನ ಮುಂದಿನ ಮತ್ತು ಹಿಂದಿನ ಸೀಲ್, ಕ್ಯಾಮ್ ಸೀಲ್ ಉಗುರು ಒತ್ತಿದರೂ ತಗ್ಗದಷ್ಟು ಗಟ್ಟಿಯಾಗಿದ್ದವು. ಕ್ರ್ಯಾಂಕಿನಿಂದ ಕ್ಯಾಮನ್ನು ತಿರುಗಿಸುವ ಟೈಮಿಂಗ್ ಬೆಲ್ಟ್ ನೋಡಲು ಚೆನ್ನಾಗಿಯೇ ಇತ್ತು, ಮಡಚಿದಾಗ ಹಲ್ಲುಗಳ ಬುಡದಲ್ಲಿ ಬಿರುಕು ಕಂಡಿತು. ಬೆಲ್ಟ್, ಅದರ ಟೆನ್ಷನರ್, ಸೀಲ್‌ಗಳು, ವಾಟರ್ ಪಂಪ್ ಎಲ್ಲವನ್ನೂ ಹೊಸದು ಹಾಕಿ ಗುರುತುಗಳನ್ನು ಕೂಡಿಸಿ, ಕೈಯಿಂದ ಎರಡು ಸುತ್ತು ತಿರುಗಿಸಿ ಗುರುತು ಮತ್ತೆ ಅಲ್ಲಿಗೇ ಬರುವುದನ್ನು ನೋಡಿಕೊಂಡೆ. ಬ್ಲಾಕ್ ಬೀಡು ಕಬ್ಬಿಣ, ಹೆಡ್ ಅಲ್ಯುಮಿನಿಯಂ ಆದ್ದರಿಂದ ಬರೀ ನೀರು ಹಾಕಿ ಓಡಿಸಿದ ಎಂಜಿನ್‌ಗಳಲ್ಲಿ ನೀರಿನ ದಾರಿ ಬೇಗ ಕೊರೆದುಹೋಗುತ್ತದೆ. ಜೊತೆಗೆ ಬೋರ್‌ವೆಲ್ ನೀರಾದರೆ ಸುಣ್ಣವೂ ಕಟ್ಟುತ್ತದೆ. ಬ್ಲಾಕಿನ ನೀರಿನ ದಾರಿಯ ತೂತು ಮುಚ್ಚುವ ತಗಡಿನ ಬಿಲ್ಲೆಗಳಾದ ಕೋರ್ ಪ್ಲಗ್‌ಗಳನ್ನು ಸ್ಕ್ರೂ ಡ್ರೈವರಿನಿಂದ ಒತ್ತಿ ನೋಡಿ, ಒಂದು ಮೆತ್ತಗಿದ್ದುದರಿಂದ ಬದಲಿಸಿ, ದಾರಿಗಳನ್ನು ತೊಳೆದು ಬಿಟ್ಟೆ. ಡಿಸ್ಟಿಲ್ಡ್ ನೀರು ಬೆರೆಸಿದ ಕೂಲಂಟನ್ನು ಹಾಕಿದ್ದು ಎಂಜಿನ್ ಕಾರಿಗೆ ಏರಿದ ಮೇಲೆ.

2011ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಲಾರಿಗಳು ಇದ್ದಲ್ಲೇ ನಿಂತವು. ನಿಂತ ಗಾಡಿ ಹೇಗೆ ಕೆಡುತ್ತದೆ ಎಂಬುದನ್ನು ಈ ಊರಿನ ಮೆಕ್ಯಾನಿಕ್‌ಗಳು ಕಲಿತದ್ದು ಬಹುಮಟ್ಟಿಗೆ ಆಗಲೇ. ಅವು ಡೀಸೆಲ್ ಎಂಜಿನ್‌ಗಳು, ರೋಗವೂ ಬೇರೆ. ಆದರೆ ಆಯಿಲ್ ಒತ್ತಡ ಬರುವ ಮುಂಚೆ ಬೆಂಕಿ ಕೊಡಬಾರದೆಂಬ ಪಾಠ ಎರಡಕ್ಕೂ ಒಂದೇ.

ಕಾರ್ಬೊರೇಟರಿನ ತೊಟ್ಟಿಯಲ್ಲಿ ಹಳೆಯ ಪೆಟ್ರೋಲ್ ಒಣಗಿ ಜೇನಿನ ಬಣ್ಣದ ಅಂಟಾಗಿತ್ತು. ಜೆಟ್‌ಗಳಿಗೆ ತಂತಿ ಚುಚ್ಚದೆ ಕ್ಲೀನರಿನಲ್ಲಿ ನೆನೆಸಿ ಗಾಳಿ ಹೊಡೆದೆ. ಪೆಟ್ರೋಲ್ ಪಂಪಿನ ಪೊರೆ ಗಟ್ಟಿಯಾಗಿದ್ದುದರಿಂದ ಪಂಪನ್ನೇ ಬದಲಿಸಿದೆ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಹಳೆಯ ರಬ್ಬರ್ ಪೈಪುಗಳನ್ನು ಅದು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಆದ್ದರಿಂದ ಪೈಪುಗಳೆಲ್ಲ ಅದನ್ನು ತಾಳುವ ಹೊಸವು. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡೆಲ್ಕೋದ ಕ್ಯಾಪ್ ಒಣಗಿಸಿ ಒರೆಸಿ, ಪಾಯಿಂಟ್ ಉಜ್ಜಿ ಗ್ಯಾಪ್ ಕೂಡಿಸಿ, ಇಲಿ ಕಡಿದಿದ್ದ ಪ್ಲಗ್ ವೈರುಗಳನ್ನು ಸಿಲಿಂಡರುಗಳಿಗೆ ಕಿಡಿ ಸಿಗುವ 1-3-2ರ ಕ್ರಮದಲ್ಲಿ ಹೊಸದಾಗಿ ಹಾಕಿದೆ.

ಎಂಜಿನ್ ಕಾರಿಗೆ ಏರಿತು. ಕ್ಯಾಮ್ ಮತ್ತು ರಾಕರ್‌ಗಳ ಮೇಲೆ ಧಾರಾಳವಾಗಿ ಆಯಿಲ್ ಸುರಿದೆ, ಫಿಲ್ಟರಿನಲ್ಲೂ ಚೆಲ್ಲದಷ್ಟು ತುಂಬಿದೆ. ಮೊದಲ ಸಲಕ್ಕೆ ದುಬಾರಿ ಆಯಿಲ್ ಬೇಡ, 20ಡಬ್ಲ್ಯೂ-40 ಸಾಕು, ಹೇಗೂ ಬೇಗನೆ ಚೆಲ್ಲುವುದೇ. ಈ ಎಂಜಿನ್ನಿನ ಆಯಿಲ್ ಪಂಪ್ ಕ್ರ್ಯಾಂಕಿನ ಮುಂತುದಿಯಲ್ಲೇ ಕುಳಿತಿರುವುದರಿಂದ ಕ್ರ್ಯಾಂಕ್ ತಿರುಗದೆ ಅದನ್ನು ತಿರುಗಿಸುವ ದಾರಿಯಿಲ್ಲ. ಆದ್ದರಿಂದ ಪ್ಲಗ್‌ಗಳನ್ನು ಹಾಕದೆ, ಕಾಯಿಲ್ ವೈರ್ ತೆಗೆದು, ಆಯಿಲ್ ಸ್ವಿಚ್ಚಿನ ಜಾಗಕ್ಕೆ ಒತ್ತಡ ತೋರಿಸುವ ಗೇಜ್ ಸಿಕ್ಕಿಸಿ ಸೆಲ್ಫ್ ಹೊಡೆದೆ. ಪ್ಲಗ್ ಇಲ್ಲದಿದ್ದರೆ ಒತ್ತಡದ ಭಾರವಿಲ್ಲ, ಬೇರಿಂಗ್ ಮೇಲೆ ಹೊರೆಯೂ ಕಡಿಮೆ. ಪ್ಲಗ್ಗಿನ ತೂತುಗಳಿಂದ ನೆನೆಹಾಕಿದ ಆಯಿಲ್ ಪಿಚಕಾರಿಯಂತೆ ಹಾರುತ್ತದೆ, ಮುಖ ದೂರವಿರಲಿ. ಹತ್ತು ಸೆಕೆಂಡು ಹೊಡೆದು ಸೆಲ್ಫ್ ತಣಿಯಲು ಬಿಟ್ಟು ಮತ್ತೆ ಹೊಡೆಯುತ್ತಿದ್ದಂತೆ ಗೇಜಿನ ಮುಳ್ಳು ಒಮ್ಮೆ ನಡುಗಿ ಎದ್ದು ನಿಂತಿತು. ಟಾರ್ಚ್ ಹಿಡಿದು ನೋಡಿದರೆ ರಾಕರ್‌ಗಳ ಬಳಿ ಹೊಸ ಆಯಿಲ್ ಉಕ್ಕುತ್ತಿತ್ತು.

ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಪಿಸ್ಟನ್ ಹುಟ್ಟಿಸುವ ಒತ್ತಡ, ನೋಡಿದ್ದು ಆಮೇಲೆ. ನೆನೆಹಾಕಿದ ಆಯಿಲ್ ಇರುವಾಗಲೇ ಗೇಜ್ ಹಾಕಿದರೆ ಸುಳ್ಳು ಅಂಕಿ ಬರುತ್ತದೆ. ಮೊದಲೆರಡು ಸಿಲಿಂಡರಿನಲ್ಲಿ 150 ಪಿಎಸ್‌ಐ ಆಸುಪಾಸು, ಮೂರನೆಯದರಲ್ಲಿ 110. ಅದಕ್ಕೆ ಒಂದು ಚಮಚ ಆಯಿಲ್ ಬಿಟ್ಟು ನೋಡಿದಾಗ ಅಂಕಿ ಏರಿತು. ಅಂದರೆ ಸೋರುತ್ತಿದ್ದುದು ಬಹುಮಟ್ಟಿಗೆ ರಿಂಗ್, ವಾಲ್ವ್ ಅಲ್ಲ. ಅಂಟಿದ ರಿಂಗ್ ಓಡುತ್ತ ಬಿಡಿಸಿಕೊಳ್ಳುವ ಸಾಧ್ಯತೆ ಉಂಟು.

ಹಳೆಯ ಟ್ಯಾಂಕ್ ತುಕ್ಕು ಹಿಡಿದಿದ್ದುದರಿಂದ ಅದನ್ನು ನಂಬದೆ, ನಲ್ಲಿಯಿರುವ ತಗಡಿನ ಡಬ್ಬಿಯಿಂದ ಸ್ವಲ್ಪವೇ ಹೊಸ ಪೆಟ್ರೋಲ್ ಕೊಟ್ಟೆ. ಪಕ್ಕದಲ್ಲಿ ಬೆಂಕಿ ನಂದಿಸುವ ಸಿಲಿಂಡರ್, ಮರಳಿನ ಬಕೆಟ್. ಪ್ಲಗ್ ಹಾಕಿ ಚೋಕ್ ಎಳೆದು ಸೆಲ್ಫ್ ಹೊಡೆದಾಗ ಎರಡು ಸಲ ಕೆಮ್ಮಿ ಹಿಡಿಯಿತು. ಆಕ್ಸಲರೇಟರ್ ಮುಟ್ಟಲಿಲ್ಲ, ಕಣ್ಣು ಗೇಜಿನ ಮೇಲೇ ಇತ್ತು, ಐದು ಸೆಕೆಂಡಿನಲ್ಲಿ ಒತ್ತಡ ಬಾರದಿದ್ದರೆ ಕೀ ತಿರುಗಿಸಲು ಕೈ ಸಿದ್ಧವಿತ್ತು. ನೀಲಿ ಹೊಗೆ ಗ್ಯಾರೇಜ್ ತುಂಬಿತು, ಮಾಸ್ತರು ಗಾಬರಿಯಾದರು. ಅದು ಸಿಲಿಂಡರಿಗೆ ಬಿಟ್ಟಿದ್ದ ಆಯಿಲ್ ಸುಡುವ ಹೊಗೆ, ಕಡಿಮೆಯಾಗುತ್ತ ಹೋಗಬೇಕು, ಹೋಯಿತು. ಸಿಲಿಂಡರಿಗೆ ನೀರು ಸೋರಿದಾಗ ಬರುವ ಬಿಳಿ ಹೊಗೆ ನಿಲ್ಲದೆ ಬಂದಿದ್ದರೆ ನಾನೂ ಗಾಬರಿಯಾಗುತ್ತಿದ್ದೆ. ರೇಡಿಯೇಟರಿನ ಮೇಲಿನ ಪೈಪು ಬಿಸಿಯಾಗಿ ಥರ್ಮೋಸ್ಟಾಟ್ ತೆರೆದದ್ದು, ಫ್ಯಾನ್ ತಿರುಗಿದ್ದು ನೋಡಿಕೊಂಡು ಎಂಜಿನ್ ಆರಿಸಿದೆ.

ಬಿಸಿಯಿರುವಾಗಲೇ ಆಯಿಲ್ ಇಳಿಸಿ, ಫಿಲ್ಟರನ್ನು ಗರಗಸದಿಂದ ಕೊಯ್ದು ಮಡಿಕೆಗಳನ್ನು ಬಿಡಿಸಿ ಬಿಸಿಲಿಗೆ ಹಿಡಿದೆ. ಕೆಸರಿನ ಕಣಗಳಿದ್ದವು, ಬೇರಿಂಗಿನ ಹೊಳೆಯುವ ಚೂರು ಇರಲಿಲ್ಲ. ಟ್ಯಾಪೆಟ್ ಮತ್ತೆ ಕೂಡಿಸಿ, ಹೊಸ ಆಯಿಲ್ ಹಾಕಿ, ಮಾಸ್ತರು ಊರೊಳಗೇ ಕೆಲವು ದಿನ ನಿಧಾನವಾಗಿ ಓಡಿಸಿ ತಂದ ಮೇಲೆ ಗೇಜ್ ಹಾಕಿದಾಗ ಮೂರನೇ ಸಿಲಿಂಡರ್ 130 ತೋರಿಸಿತು. ಉಳಿದೆರಡರಷ್ಟಲ್ಲ, ಆದರೆ ಹೆಡ್ ಬಿಚ್ಚುವಷ್ಟು ಕೆಟ್ಟದ್ದೂ ಅಲ್ಲ. ಆಯಿಲ್ ಇಳಿಯುತ್ತಿದೆಯೇ ಎಂದು ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಬೇಕೆಂದೂ, ಮುಂದಿನ ಆಯಿಲ್ ಬದಲಾವಣೆಗೆ ಬಂದಾಗ ಮತ್ತೊಮ್ಮೆ ಕಂಪ್ರೆಶನ್ ನೋಡಿ ರಿಂಗ್ ವಿಷಯ ತೀರ್ಮಾನಿಸೋಣವೆಂದೂ ಅವರಿಗೆ ಹೇಳಿ ಕೀ ಕೊಟ್ಟೆ.