ಕೊಡಗಿನ ಮಳೆಗೆ ಹಳೆ ಬುಲೆಟ್‌ನ ಬ್ರೀದರ್ ಪೈಪ್ ದಾರಿ ಬದಲಿಸಿದ್ದು: ನನ್ನ ಅನುಭವ

ಹಳೆ ಕಾಸ್ಟ್ ಐರನ್ ಬುಲೆಟ್ 350ರ ಬ್ರೀದರ್ (ಎಂಜಿನ್ ಒಳಗಿನ ಗಾಳಿ, ಆವಿಯನ್ನು ಹೊರಬಿಡುವ ಕೊಳವೆ) ಜೋಡಣೆ ಬಯಲುಸೀಮೆಯಲ್ಲಿ ತಕರಾರಿಲ್ಲದೆ ನಡೆಯುತ್ತದೆ. ಮಡಿಕೇರಿ, ಭಾಗಮಂಡಲ, ನಾಪೋಕ್ಲು ಕಡೆ ಮಾತ್ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ಜೋಡಣೆ ಎಂಜಿನ್‌ಗೆ ನೀರು ಕುಡಿಸುತ್ತದೆ. ಎಂಜಿನ್‌ನಿಂದ ಹೊರಬಂದ ಆವಿ ತಣ್ಣಗಾಗಿ ನೀರಾದ ಮೇಲೆ ಮತ್ತೆ ಎಂಜಿನ್‌ಗೇ ಇಳಿಯುವ ದಾರಿ ಅದರಲ್ಲಿದೆ. ಆ ವಾಪಸ್ ದಾರಿ ಮುಚ್ಚಿ, ಎಂಜಿನ್ ಹತ್ತಿರವೇ ಒಂದು ಒನ್ ವೇ ವಾಲ್ವ್ ಹಾಕಿ, ನೀರನ್ನು ಬೇರೆ ಬಾಟಲಿಯಲ್ಲಿ ಹಿಡಿಯುವುದು ನಾನು ಮಾಡಿಕೊಂಡ ಬದಲಾವಣೆ. ಸ್ಕ್ರೂಡ್ರೈವರ್, ಕಟ್ಟರ್, ವರ್ನಿಯರ್ ಇದ್ದರೆ ಮನೆ ಜಗಲಿಯಲ್ಲೇ ಮುಗಿಯುವ ಕೆಲಸ.

ಕಾರಣ ತಿಳಿದುಕೊಂಡರೆ ಪೈಪ್ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. 350ರ ಬೋರ್ 70 ಮಿ.ಮೀ., ಸ್ಟ್ರೋಕ್ 90 ಮಿ.ಮೀ. ಪಿಸ್ಟನ್ ಒಂದು ಸಲ ಕೆಳಗಿಳಿದರೆ 346 ಸಿಸಿ ಗಾಳಿಯನ್ನು ಎಂಜಿನ್‌ನ ಕೆಳಭಾಗದ ಕವಚವಾದ ಕ್ರ್ಯಾಂಕ್‌ಕೇಸ್‌ನಲ್ಲಿ ತಳ್ಳುತ್ತದೆ, ಮೇಲೆ ಹೋದಾಗ ಅಷ್ಟನ್ನೇ ಎಳೆಯುತ್ತದೆ. 3000 ಆರ್‌ಪಿಎಂನಲ್ಲಿ ಇದು ಸೆಕೆಂಡಿಗೆ 50 ಸಲ. ಎರಡು ಸಿಲಿಂಡರ್‌ನ ಎಷ್ಟೋ ಎಂಜಿನ್‌ಗಳಲ್ಲಿ ಒಂದು ಪಿಸ್ಟನ್ ಇಳಿದಾಗ ಇನ್ನೊಂದು ಏರಿ ಸರಿದೂಗುತ್ತದೆ. ಸಿಂಗಲ್ ಸಿಲಿಂಡರ್‌ಗೆ ಆ ಅನುಕೂಲ ಇಲ್ಲ, ಅಷ್ಟೂ ಉಸಿರಾಟ ಬ್ರೀದರ್‌ನಲ್ಲೇ ಆಗಬೇಕು. ಇದರ ಜೊತೆಗೆ ಪಿಸ್ಟನ್ ರಿಂಗ್ ಸಂದಿಯಿಂದ ನುಸುಳಿ ಬರುವ ಉರಿದ ಗ್ಯಾಸ್. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ, ಸ್ವಲ್ಪ ಭಾಗ ರಿಂಗ್ ದಾಟಿ ಆಯಿಲ್ ಇರುವ ಕಡೆ ಬರುತ್ತದೆ. ಎಂಜಿನ್ ಚೆನ್ನಾಗಿ ಕಾದಿದ್ದರೆ ಅದು ಆವಿಯಾಗಿಯೇ ಬ್ರೀದರ್ ದಾಟುತ್ತದೆ. ಕಕ್ಕಡದ (ಜುಲೈ–ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆಯಲ್ಲಿ ತೋಟದಿಂದ ಪೇಟೆಗೆ ಹೋಗಿ ಬರುವ ನಾಲ್ಕು ಕಿಲೋಮೀಟರಿಗೆ ಕೇಸ್ ಬಿಸಿಯೇ ಆಗುವುದಿಲ್ಲ. ಆವಿ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತದೆ, ಆಯಿಲ್ ಜೊತೆ ಕಡೆದು ಹಾಲು ಹಾಕಿದ ಕಾಫಿಯ ಬಣ್ಣದ ಗಟ್ಟಿ ನೊರೆಯಾಗುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಬದಿ ನೋಡಿದರೆ ಮೊದಲು ಕಾಣುವುದು ಅದೇ.

ಈ ನೊರೆ ಬ್ರೀದರ್ ಪೈಪ್‌ನ ತಗ್ಗಿನಲ್ಲಿ ಕೂತರೆ ಉಸಿರು ಕಟ್ಟುತ್ತದೆ. ಒಳಗಿನ ಒತ್ತಡ ಎಲ್ಲಿ ದುರ್ಬಲವೋ ಅಲ್ಲಿಂದ ಆಯಿಲ್ ತಳ್ಳುತ್ತದೆ: ಕ್ರ್ಯಾಂಕ್ ಆಯಿಲ್ ಸೀಲ್ ದಾಟಿ ಪ್ರೈಮರಿ ಚೈನ್ ಕೇಸ್‌ಗೆ, ಟೈಮಿಂಗ್ ಕವರ್ ಅಂಚಿಗೆ, ಟ್ಯಾಪೆಟ್ ಕವರ್‌ಗೆ. ಗ್ಯಾಸ್ಕೆಟ್ ಮೇಲೆ ಗ್ಯಾಸ್ಕೆಟ್ ಬದಲಿಸಿದರೂ ಒಸರುವುದು ನಿಲ್ಲದ ಗಾಡಿಗಳಲ್ಲಿ ಮೊದಲು ನೋಡಬೇಕಾದ್ದು ಬ್ರೀದರ್.

ಕೈ ಹಾಕುವ ಮುಂಚೆ ಎರಡು ವಿಷಯ ಖಾತ್ರಿ ಮಾಡಿಕೊಳ್ಳಬೇಕು. ಒಂದು, ರಿಂಗ್. ಎಂಜಿನ್ ಬಿಸಿ ಇದ್ದಾಗ ಬ್ರೀದರ್ ಬಾಯಿಂದ ನೀಲಿ ಹೊಗೆ ಬಿಡದೆ ನುಗ್ಗುತ್ತಿದ್ದರೆ ಅದು ಬೋರ್ ಕೆಲಸ, ಪೈಪ್ ಕೆಲಸವಲ್ಲ. ಎರಡು, ಆಯಿಲ್ ಮಟ್ಟ. ಈ ಎಂಜಿನ್‌ನಲ್ಲಿ ಆಯಿಲ್ ಟ್ಯಾಂಕ್ ಕೇಸ್‌ನೊಳಗೇ ಬೇರೆ ಕೋಣೆಯಾಗಿದೆ. ಗಾಡಿ ದಿನಗಟ್ಟಲೆ ನಿಂತರೆ ಆಯಿಲ್ ಪಂಪ್ ಮೂಲಕ ನಿಧಾನಕ್ಕೆ ಫ್ಲೈವೀಲ್ ಕಡೆ ಇಳಿಯುತ್ತದೆ. ಆಗ ಡಿಪ್‌ಸ್ಟಿಕ್ ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ಮೇಲೆ ಸುರಿದರೆ ಹೆಚ್ಚಾದದ್ದೆಲ್ಲ ಬ್ರೀದರ್‌ನಿಂದ ಆಚೆ ಬರುತ್ತದೆ. ಹತ್ತು ನಿಮಿಷ ಓಡಿಸಿ, ಆಫ್ ಮಾಡಿ, ಎರಡು ಮೂರು ನಿಮಿಷ ಬಿಟ್ಟು, ಗಾಡಿ ನೆಟ್ಟಗೆ ನಿಲ್ಲಿಸಿ ನೋಡಬೇಕು. ನಾನು ಎರಡು ಗೆರೆಗಳ ನಡುವೆಯೇ ಇಡುತ್ತೇನೆ, ಮೇಲಿನ ಗೆರೆಗೆ ಮುಟ್ಟಿಸುವುದಿಲ್ಲ.

ಈಗ ಸಾಮಾನು. ಆಯಿಲ್‌ಗೆ ತಡೆಯುವ ನೈಟ್ರೈಲ್ ರಬ್ಬರ್ ಹೋಸ್ ಒಂದೂವರೆ ಮೀಟರ್. ಒಳ ಅಳತೆ ಬ್ರೀದರ್ ಮೂತಿಯ ಹೊರ ಅಳತೆಗೆ ಸರಿಹೊಂದಬೇಕು. ವರ್ನಿಯರ್ ಹಿಡಿದು ಅಳೆದೇ ತನ್ನಿ, ಬಾಯಿ ಕಿರಿದು ಮಾಡುವ ಅಡಾಪ್ಟರ್ ಹಾಕಬೇಡಿ. ಪಾರದರ್ಶಕ ಪ್ಲಾಸ್ಟಿಕ್ ನೀರಿನ ಪೈಪ್ ನೋಡಲು ಚೆಂದ, ಬಿಸಿಗೆ ಮೊದಲು ಮೆತ್ತಗಾಗಿ ತಿರುವಿನಲ್ಲಿ ಚಪ್ಪಟೆಯಾಗುತ್ತದೆ, ಆಮೇಲೆ ಕಲ್ಲಿನಂತೆ ಗಡುಸಾಗಿ ಮೂತಿಯಿಂದ ಜಾರುತ್ತದೆ. 250ರಿಂದ 300 ಎಂಎಲ್ ಹಿಡಿಯುವ, ಕೆಳಗೆ ಡ್ರೈನ್ ಇರುವ ಅಲ್ಯೂಮಿನಿಯಂ ಕ್ಯಾಚ್ ಬಾಟಲಿ. ಪಾತ್ರೆ ಉಜ್ಜುವ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರಬ್ಬರ್ ಒಂದು. ತುಕ್ಕು ಹಿಡಿಯುವ ಕಬ್ಬಿಣದ ನಾರು ಬೇಡ, ಪುಡಿ ಉದುರುತ್ತದೆ. ಹೋಸ್ ಕ್ಲಿಪ್ ಎಂಟು, ಕೇಬಲ್ ಟೈ, ಮತ್ತು ಕಾರಿನ ಬ್ರೇಕ್ ಬೂಸ್ಟರ್ ಪೈಪ್‌ನಲ್ಲಿ ಬರುವ ಒನ್ ವೇ ವಾಲ್ವ್ ಒಂದು. ಕುಶಾಲನಗರದಲ್ಲೋ ಗೋಣಿಕೊಪ್ಪದಲ್ಲೋ ಕಾರ್ ಸ್ಪೇರ್ ಅಂಗಡಿಯಲ್ಲಿ ಕೇಳಿ ನೋಡಿ, ಸಿಗದಿದ್ದರೆ ಮೈಸೂರಿನಲ್ಲಿ ಸಿಗುತ್ತದೆ.

ವಾಲ್ವ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಕಾರಿನ ಪಿಸಿವಿ ವಾಲ್ವ್ (ಕ್ರ್ಯಾಂಕ್‌ಕೇಸ್ ಗ್ಯಾಸನ್ನು ಇನ್‌ಟೇಕ್‌ಗೆ ಬಿಡುವ ವಾಲ್ವ್) ಹಾಕುವವರಿದ್ದಾರೆ. ಅದರ ಸ್ಪ್ರಿಂಗ್ ಇನ್‌ಟೇಕ್ ಮ್ಯಾನಿಫೋಲ್ಡ್‌ನ ಎಳೆತಕ್ಕೆ ಲೆಕ್ಕ ಹಾಕಿದ್ದು, ಒಳದಾರಿ ಸಣ್ಣದು. ಸಿಂಗಲ್ ಸಿಲಿಂಡರ್‌ನ ಬಡಿತಕ್ಕೆ ಅದು ಸಾಲದು. ಬೂಸ್ಟರ್ ವಾಲ್ವ್‌ನ ದಾರಿ ಅದಕ್ಕಿಂತ ಅಗಲ. ಕಾರಿನಲ್ಲಿ ಅದು ಬೂಸ್ಟರ್‌ನಿಂದ ಎಂಜಿನ್ ಕಡೆಗೆ ಮಾತ್ರ ಗಾಳಿ ಬಿಡುತ್ತದೆ. ಹಾಗಾಗಿ ಬೂಸ್ಟರ್ ಕಡೆಯ ಮೂತಿ ನಮ್ಮಲ್ಲಿ ಕ್ರ್ಯಾಂಕ್‌ಕೇಸ್ ಕಡೆ ಬರಬೇಕು. ಉಲ್ಟಾ ಹಾಕಿದರೆ ಎಂಜಿನ್ ಗಾಳಿ ಒಳಗೆಳೆದುಕೊಳ್ಳುತ್ತದೆ, ಬಿಡಲಾರದು. ಒಂದೇ ಓಟದಲ್ಲಿ ಸೀಲ್ ಹಾರಿಸಲು ಅಷ್ಟು ಸಾಕು. ಹೊಸ ವಾಲ್ವ್ ಆದರೆ ಬಾಯಲ್ಲಿ ಊದಿ ನೋಡಿ: ನಮ್ಮ ಕ್ರ್ಯಾಂಕ್‌ಕೇಸ್ ಕಡೆ ಬರುವ ಮೂತಿಯಿಂದ ಊದಿದರೆ ಅಡ್ಡಿಯಿಲ್ಲದೆ ಹೋಗಬೇಕು, ಆಚೆಯಿಂದ ಊದಿದರೆ ತುಸುವೂ ದಾಟಬಾರದು. ಮೆಲ್ಲಗೆ ಊದಿದಾಗಲೂ ತೆರೆದುಕೊಳ್ಳದ ಗಟ್ಟಿ ಸ್ಪ್ರಿಂಗ್‌ನದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಗುಜರಿಯದಾದರೆ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಬಾಯಿಗೆ ಇಡದೆ ಒಂದು ತುಂಡು ಹೋಸ್ ಮತ್ತು ಸೈಕಲ್ ಪಂಪ್‌ನಿಂದ ಪರೀಕ್ಷಿಸಿ. ಹಳೆ ಬುಲೆಟ್‌ಗಳ ಡಕ್‌ಬಿಲ್ ರಬ್ಬರ್ (ಬಾತುಕೋಳಿ ಕೊಕ್ಕಿನಂಥ ರಬ್ಬರ್ ವಾಲ್ವ್) ಮಾಡುವುದೂ ಇದೇ ಕೆಲಸ. ಆದರೆ ಬಿಸಿ ಆಯಿಲ್‌ಗೆ ಅದರ ತುಟಿ ಮುರುಟಿಕೊಂಡರೆ ಮುಚ್ಚುವುದೇ ಇಲ್ಲ, ಹೊರಗಿಂದ ನೋಡಿದರೆ ತಿಳಿಯುವುದೂ ಇಲ್ಲ.

ಕಳಚುವ ಮುಂಚೆ ಈಗಿರುವ ಎಲ್ಲ ಪೈಪ್‌ಗಳ ಫೋಟೋ ತೆಗೆದಿಡಿ. ಗಾಡಿಯ ವರ್ಷಕ್ಕೆ ತಕ್ಕಂತೆ ಜೋಡಣೆ ಬದಲಾಗುತ್ತದೆ. ನನ್ನದರಂಥ ಗಾಡಿಯಲ್ಲಿ ಆಯಿಲ್ ಹನಿ ಹಿಡಿಯುವ ಹಳೆ ಡಬ್ಬಿ, ಅಂದರೆ ಕ್ಯಾಚ್ ಕ್ಯಾನ್‌ನಿಂದ ಮೂರು ಪೈಪ್: ಕ್ರ್ಯಾಂಕ್‌ಕೇಸ್‌ನಿಂದ ಬರುವ ದಪ್ಪನೆಯದು, ಏರ್ ಫಿಲ್ಟರ್ ಡಬ್ಬಿಗೆ ಹೋಗುವುದು, ಟೈಮಿಂಗ್ ಕಡೆಗೆ ಆಯಿಲ್ ವಾಪಸ್ ಕೊಡುವ ಸಣ್ಣದು. ಈ ಮೂರನೆಯದನ್ನೇ ಮುಚ್ಚಬೇಕು. ಎಂಜಿನ್ ಕಡೆಯ ಮೂತಿಗೆ ಎರಡು ಇಂಚು ಹೋಸ್ ತೂರಿಸಿ, ಇನ್ನೊಂದು ತುದಿಗೆ ಬಿಗಿಯಾಗಿ ಕೂರುವ ಬೋಲ್ಟ್ ತುರುಕಿ, ಎರಡೂ ಕಡೆ ಕ್ಲಿಪ್ ಹಾಕಿ. ತೆರೆದು ಬಿಡಬಾರದು. ಒನ್ ವೇ ವಾಲ್ವ್ ಬಂದ ಮೇಲೆ ಕೇಸ್‌ನೊಳಗೆ ಸರಾಸರಿ ಒತ್ತಡ ಹೊರಗಿನದಕ್ಕಿಂತ ಕಡಿಮೆಯಾಗುತ್ತದೆ. ಸೋರಿಕೆ ನಿಲ್ಲುವುದು ಅದರಿಂದಲೇ. ಆದರೆ ಎಲ್ಲಿ ತೂತು ಇದ್ದರೂ ಅಲ್ಲಿಂದ ಧೂಳು, ನೀರು ಒಳಗೆ ಎಳೆದುಕೊಳ್ಳುತ್ತದೆ. ಆಯಿಲ್ ಮುಚ್ಚಳದ ವಾಷರ್ ಹಳತಾಗಿದ್ದರೆ ಇದೇ ಕೈಯಲ್ಲಿ ಬದಲಿಸಿಬಿಡಿ.

ಬ್ರೀದರ್ ಮೂತಿಯಿಂದ ಹೋಸ್ ಮೊದಲು ನೇರ ಮೇಲಕ್ಕೇ ಹೋಗಬೇಕು, ಹತ್ತರಿಂದ ಹದಿನೈದು ಸೆಂಟಿಮೀಟರ್. ವಾಲ್ವ್ ಈ ಏರಿನ ತುದಿಯಲ್ಲಿ, ನೆಟ್ಟಗೆ. ಎಂಜಿನ್‌ಗೆ ಹತ್ತಿರವಿದ್ದಷ್ಟೂ ಅದರ ಕೆಲಸ ಚುರುಕು. ಆದರೂ ಇಷ್ಟು ಏರು ಬೇಕು, ದೊಡ್ಡ ಆಯಿಲ್ ಹನಿಗಳು ವಾಲ್ವ್ ಮುಟ್ಟುವ ಮುಂಚೆ ಎಂಜಿನ್‌ಗೇ ಮರಳಲಿ ಅಂತ. ವಾಲ್ವ್ ದಾಟಿದ ಮೇಲೆ ಪೆಟ್ರೋಲ್ ಟ್ಯಾಂಕ್ ಕೆಳಗೆ ಒಂದು ತಿರುವು, ಅಲ್ಲಿಂದ ಬಾಟಲಿವರೆಗೆ ಬರೀ ಇಳಿಜಾರು. ನಡುವೆ ಎಲ್ಲೂ ಜೋಲಿ ಬೀಳಬಾರದು, ಒಂದೇ ಒಂದು ತಗ್ಗಿದ್ದರೂ ನೊರೆ ಅಲ್ಲಿ ಕೂರುತ್ತದೆ. ಹೋಸ್ ಬಿಸಿಯಾಗಿ ಮೆತ್ತಗಾದಾಗ ಜೋಲುತ್ತದೆ, ಆದ್ದರಿಂದ ಅಂಗೈ ಅಗಲಕ್ಕೊಂದು ಕೇಬಲ್ ಟೈ. ಸಿಲಿಂಡರ್ ಫಿನ್, ಸೈಲೆನ್ಸರ್ ಬೆಂಡ್, ಕ್ಲಚ್ ಕೇಬಲ್ ಯಾವುದಕ್ಕೂ ತಾಗದಂತೆ ನೋಡಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ ಇನ್ನೊಮ್ಮೆ ನೋಡಿ.

ಬಾಟಲಿ ನಾನು ಕಟ್ಟಿರುವುದು ಎಡಗಡೆ ಟೂಲ್ ಬಾಕ್ಸ್ ಹಿಂದೆ. ಎಂಜಿನ್ ಬಿಸಿ ಅಲ್ಲಿಗೆ ಬರುವುದಿಲ್ಲ. ಬಾಟಲಿ ತಣ್ಣಗಿದ್ದಷ್ಟೂ ಆವಿ ಅದರೊಳಗೇ ನೀರಾಗುತ್ತದೆ. ಒಳಬರುವ ಕೊಳವೆ ಬಾಟಲಿಯ ಅರ್ಧದವರೆಗೆ ಇಳಿದಿರಬೇಕು, ಹೊರಹೋಗುವುದು ಮುಚ್ಚಳದ ಹತ್ತಿರವೇ ಇರಬೇಕು. ಎರಡರ ನಡುವೆ ಸ್ಕ್ರಬ್ಬರನ್ನು ಸಡಿಲವಾಗಿ ಬಿಡಿಸಿ ತುಂಬಿ. ಸ್ಪಂಜು ಬೇಡ, ನೊರೆಗೆ ಮುಚ್ಚಿಹೋಗುತ್ತದೆ.

ಬಾಟಲಿಯ ಹೊರಬಾಯಿಯನ್ನು ಏರ್ ಫಿಲ್ಟರ್ ಡಬ್ಬಿಯ ಹಳೆ ಮೂತಿಗೇ ಸೇರಿಸಿದ್ದೇನೆ. ಪೈಪನ್ನು ನಂಬರ್ ಪ್ಲೇಟ್‌ವರೆಗೆ ಎಳೆದು ತೆರೆದು ಬಿಡುವುದು ಸುಲಭ, ಆದರೆ ನನಗೆ ಒಪ್ಪಿಗೆಯಿಲ್ಲ. ಅರೆಬೆಂದ ಪೆಟ್ರೋಲ್ ಆವಿ ಊರಿನ ಗಾಳಿಗೆ ಹೋಗುತ್ತದೆ. ಅದಕ್ಕಿಂತ ಅಪಾಯದ್ದು, ತುದಿಯಿಂದ ತೊಟ್ಟಿಕ್ಕಿದ ಆಯಿಲ್ ಹಿಂದಿನ ಟೈರಿಗೆ ಬೀಳುವುದು. ಸಂಪಾಜೆ ಘಾಟಿಯಲ್ಲಾಗಲಿ ಮಾಕುಟ್ಟದ ತಿರುವುಗಳಲ್ಲಾಗಲಿ ಒದ್ದೆ ರಸ್ತೆಯ ಮೇಲೆ ಟೈರಿಗೆ ಆಯಿಲ್ ತಾಗಿದರೆ ಹಿಡಿತವೇ ಇರುವುದಿಲ್ಲ.

ಏರ್ ಫಿಲ್ಟರ್‌ಗೆ ಸೇರಿಸುವ ಮುಂಚೆ ಒಂದು ಪರೀಕ್ಷೆ. ಬಾಟಲಿಯ ಹೊರಬಾಯಿಗೆ ತೆಳು ಪ್ಲಾಸ್ಟಿಕ್ ಕೈಗವಸು ಕಟ್ಟಿ ಸ್ಟಾರ್ಟ್ ಮಾಡಿ. ವಾಲ್ವ್ ಸರಿಯಿದ್ದರೆ ಗವಸು ಮೆಲ್ಲಗೆ ಉಬ್ಬಿ ಉಬ್ಬಿದಂತೆಯೇ ನಿಲ್ಲುತ್ತದೆ. ಉಬ್ಬಿ ತಗ್ಗಿ ಪಟಪಟ ಬಡಿದುಕೊಂಡರೆ ವಾಲ್ವ್ ಹಿಂದಕ್ಕೆ ಬಿಡುತ್ತಿದೆ. ಐಡಲ್‌ನಲ್ಲೇ ಕೆಲವೇ ಕ್ಷಣದಲ್ಲಿ ಬಿರಿಯುವಷ್ಟು ಉಬ್ಬಿದರೆ ರಿಂಗ್ ಸವೆದಿವೆ. ಉಬ್ಬದೇ ಇದ್ದರೆ ಎಲ್ಲೋ ಸೋರಿಕೆ, ಇಲ್ಲವೇ ವಾಲ್ವ್ ಉಲ್ಟಾ. ಕೂಡಲೇ ಆಫ್ ಮಾಡಿ ಹುಡುಕಿ. ಪೈಪ್ ತುದಿಯನ್ನು ನೀರಿನ ಬಕೆಟ್‌ನಲ್ಲಿ ಮುಳುಗಿಸಿ ಗುಳ್ಳೆ ನೋಡುವ ಪದ್ಧತಿ ಬೇಡ, ವಾಲ್ವ್ ಕೈಕೊಟ್ಟರೆ ಎಂಜಿನ್ ನೀರನ್ನೇ ಎಳೆದುಕೊಳ್ಳುತ್ತದೆ.

ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಾಟಲಿ ಖಾಲಿ ಮಾಡುತ್ತೇನೆ, ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಸಾಕು. ಬಂದದ್ದನ್ನು ಗಾಜಿನ ಲೋಟದಲ್ಲಿ ಒಂದು ರಾತ್ರಿ ಇಟ್ಟು ನೋಡಿ, ಎಂಜಿನ್‌ನ ಸ್ಥಿತಿ ತಿಳಿಯುತ್ತದೆ. ಕೆಳಗೆ ನೀರು, ಮೇಲೆ ತೆಳುವಾಗಿ ನೊರೆ: ಸಣ್ಣ ಸಣ್ಣ ಓಟದ ಫಲ, ಗಾಬರಿ ಬೇಡ. ಬರೀ ಕಪ್ಪು ಆಯಿಲ್: ಮಟ್ಟ ಹೆಚ್ಚಾಗಿದೆ ಅಥವಾ ರಿಂಗ್ ಸೋತಿವೆ. ಬಹಳ ದಿನ ನಿಂತ ಗಾಡಿ ಮೊದಲ ಸ್ಟಾರ್ಟ್‌ಗೆ ಒಂದಿಷ್ಟು ಆಯಿಲ್ ಉಗುಳುವುದು ಮೇಲೆ ಹೇಳಿದ ಕಾರಣಕ್ಕೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಪೆಟ್ರೋಲ್ ವಾಸನೆ ಜೋರಾಗಿದ್ದರೆ ಕಾರ್ಬ್ಯುರೇಟರ್ ಫ್ಲೋಟ್ ಸೂಜಿ ಕೂರುತ್ತಿಲ್ಲ, ಪೆಟ್ರೋಲ್ ಆಯಿಲ್‌ಗೆ ಇಳಿದಿದೆ. ಸೂಜಿ ಸರಿಮಾಡಿ ಆಯಿಲ್ ಬದಲಿಸುವವರೆಗೆ ಗಾಡಿ ತೆಗೆಯಬಾರದು. ಲೋಟದ್ದನ್ನು ತೋಡಿಗೆ ಚೆಲ್ಲಬೇಡಿ, ಇಲ್ಲಿನ ಹೆಚ್ಚಿನ ತೋಡುಗಳ ನೀರು ಕಾವೇರಿಗೇ ಸೇರುವುದು. ಡಬ್ಬದಲ್ಲಿ ಕೂಡಿಟ್ಟು ಗ್ಯಾರೇಜಿನ ಹಳೆ ಆಯಿಲ್ ಪೀಪಾಯಿಗೆ ಕೊಡಿ.

ಮಳೆಗಾಲದಲ್ಲಿ ಬ್ಯಾಟರಿ ಇಳಿಯದಿರಲಿ ಅಂತ ದಿನಾ ಐದು ನಿಮಿಷ ಗಾಡಿ ಸ್ಟಾರ್ಟ್ ಮಾಡಿ ನಿಲ್ಲಿಸುವ ರೂಢಿ ನಮ್ಮಲ್ಲಿದೆ. ನೀರು ಕೂಡಿಹಾಕಲು ಅದಕ್ಕಿಂತ ನೇರ ದಾರಿ ಇಲ್ಲ. ವಾರಕ್ಕೊಂದು ಸಲ ಮಡಿಕೇರಿ ಏರು ಹತ್ತಿಸಿ ಅರ್ಧ ಗಂಟೆ ಓಡಿಸಿದರೆ ಆಯಿಲ್ ಕಾದು ತೇವ ಹೊರಬೀಳುತ್ತದೆ. ಸೆಪ್ಟೆಂಬರ್ ಆರಂಭದ ಕೊಡವರ ಹಬ್ಬ ಕೈಲ್‌ಪೋದ್ ಕಳೆದು ಮಳೆ ಹಿಂದೆ ಸರಿದ ಮೇಲೆ, ಕಿಲೋಮೀಟರ್ ಆಗಿರಲಿ ಬಿಡಲಿ, ನಾನು ಒಮ್ಮೆ 20ಡಬ್ಲ್ಯೂ50 ಆಯಿಲ್ ಬದಲಿಸುತ್ತೇನೆ, ಹೋಸ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯುತ್ತೇನೆ, ವಾಲ್ವ್ ಮತ್ತೆ ಊದಿ ನೋಡುತ್ತೇನೆ.

ಇಷ್ಟೂ ಹಳೆ ಗಾಡಿಗೆ ಹೇಳಿದ್ದು. ಹೊಗೆ ಮಿತಿಯ ಹೊಸ ನಿಯಮಗಳಂತೆ 2017ರಿಂದ ಬಂದ ಬಿಎಸ್-4, 2020ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಕ್ರ್ಯಾಂಕ್‌ಕೇಸ್ ಗ್ಯಾಸ್ ಏರ್ ಬಾಕ್ಸ್‌ಗೇ ಹೋಗುವ ಮುಚ್ಚಿದ ವ್ಯವಸ್ಥೆ ಇದೆ. ಅದನ್ನು ಬಿಚ್ಚಿ ಗಾಳಿಗೆ ಬಿಡುವುದು ನಿಯಮಕ್ಕೆ ವಿರುದ್ಧ. ಏರ್ ಬಾಕ್ಸ್ ಕೆಳಗೆ ಬೆರಳುದ್ದದ ಡ್ರೈನ್ ಪೈಪ್ ಇದ್ದರೆ ಅದರ ಬಿರಡೆ ತೆಗೆದು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನೀರು ಇಳಿಸಿ, ಬಿರಡೆ ಮತ್ತೆ ಹಾಕಿ.