ಮೂರನೇ ದಿನದ ಫೋನು

ಹದಿನಾರು ವರ್ಷದಿಂದ ನಾನು ಡೊಂಬಿವಲಿಯಿಂದ ಮುಂಬಯಿಯ ವಿ.ಟಿ. ಸ್ಟೇಷನ್ನಿಗೆ ಒಂದೇ ಲೋಕಲ್ ರೈಲಿನಲ್ಲಿ ಓಡಾಡುತ್ತಿದ್ದೇನೆ. ಬೆಳಿಗ್ಗೆ ಎಂಟೂಕಾಲರ ಆಸುಪಾಸಿನ ಫಾಸ್ಟ್, ಲೇಡೀಸ್ ಸೆಕೆಂಡ್ ಕ್ಲಾಸ್ ಡಬ್ಬಾ. ಅದರ ಒಂದು ಮೂಲೆಯಲ್ಲಿ ಕನ್ನಡ ಮಾತಾಡುವ ಹನ್ನೊಂದು ಜನ ಸೇರುತ್ತಿದ್ದೆವು. ಯಾರೂ ಯಾರನ್ನೂ ಹೆಸರು ಹಿಡಿದು ಕರೆದದ್ದು ಕಡಿಮೆ. ನಾನು ಧಾರವಾಡದ ವೈನಿ, ಅಂದರೆ ಅತ್ತಿಗೆ. ಕಿಟಕಿ ಹತ್ತಿರ ಕೂರುವವರು ಕುಂದಾಪುರದ ಅಕ್ಕ, ಮಸ್ಜಿದ್ ಬಂದರಿನ ಮಸಾಲೆ ಗೋಡೌನ್ ಒಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಎಲ್ಲರಿಗಿಂತ ಸಣ್ಣವಳು ಶಿರಸಿಯ ಹುಡುಗಿ. ಮುನಿಸಿಪಾಲಿಟಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಬೆಳಗಾವಿಯವಳಿಗೆ ಮಾತ್ರ ಶಿಫ್ಟ್ ಇದ್ದದ್ದರಿಂದ ವಾರಕ್ಕೆ ಮೂರು ದಿನ ಸಿಗುತ್ತಿದ್ದಳು.

ನಮ್ಮ ಮಾತಿನಲ್ಲಿ ಮುಕ್ಕಾಲು ಪಾಲು ಕಾಲೆಳೆಯುವುದೇ. ಮೊದಲ ವರ್ಷ ಒಂದು ದಿನ ಡಬ್ಬಿ ತೆಗೆದು, "ಚಟ್ನಿಗೆ ಪುಟಾಣಿ ಹಾಕೇನ್ರಿ ಅಕ್ಕಾರ, ರುಚಿ ನೋಡ್ರಿ" ಅಂದೆ. ಅಕ್ಕ ಎರಡೂ ಕೈ ಎದೆಗೆ ಒತ್ತಿಕೊಂಡು, "ಅಯ್ಯೋ ದೇವ್ರೆ! ಯಾರ್ ಮನಿ ಪುಟಾಣಿ ಮಾರಾಯ್ತಿ?" ಎಂದರು. ನಮ್ಮ ಕಡೆ ಪುಟಾಣಿ ಅಂದರೆ ಹುರಿಗಡಲೆ, ಅವರ ಕಡೆ ಚಿಕ್ಕ ಮಗು. ಅಲ್ಲಿಂದ ಮುಂದೆ ನಾನು ಚಟ್ನಿ ತಂದ ದಿನವೆಲ್ಲ ಅಕ್ಕ ಪೊಲೀಸರಿಗೆ ಫೋನ್ ಮಾಡುತ್ತೇನೆ ಎನ್ನುವರು, ಶಿರಸಿಯವಳು ಸಾಕ್ಷಿ ಹೇಳಲು ತಯಾರಾಗುವಳು. ವರ್ಷಗಟ್ಟಲೆ ಅದೇ ಮಾತು, ಅದೇ ನಗು. ಹೊರಗಿನವರಿಗೆ ಹಳಸಿದಂತೆ ಕಾಣಬಹುದು. ನಮಗೆ ಅದು ಹಾಜರಿ ಪುಸ್ತಕವಾಗಿತ್ತು. ಅಕ್ಕ ಬಾರದ ಒಂದು ದಿನ ಚಟ್ನಿ ಕೈಯಿಂದ ಕೈಗೆ ಹೋಗಿ ಖಾಲಿಯಾಯಿತು, ಪುಟಾಣಿಯ ಪರ ಯಾರೂ ಮಾತಾಡಲಿಲ್ಲ. ಮನೆಗೆ ಬಂದು ಖಾಲಿ ಡಬ್ಬಿ ತೊಳೆಯುವಾಗಲೂ ನನಗೆ ಅದೇ ನೆನಪು.

ಆಗ ಫಾಸ್ಟ್ ಲೋಕಲ್‌ಗಳು ದಿವಾ ಸ್ಟೇಷನ್ ದಾಟಿದ ಮೇಲೆ ಪಾರ್ಸಿಕ್ ಸುರಂಗದೊಳಗೆ ಹೋಗುತ್ತಿದ್ದವು. 1916ರಲ್ಲಿ ತೆರೆದ ಸುರಂಗ ಅದು, ಸುಮಾರು 1.3 ಕಿ.ಮೀ. ಉದ್ದ. ಒಳಗೆ ಹೊಕ್ಕರೆ ಗಾಡಿಯ ಸದ್ದು ಗೋಡೆಗೆ ಬಡಿದು ಕಿವಿ ತುಂಬುತ್ತದೆ, ಪಕ್ಕದವಳ ಮಾತೂ ಕೇಳದು. ಆದ್ದರಿಂದ ಎಲ್ಲರೂ ಬಾಯಿ ಮುಚ್ಚಿಕೊಳ್ಳುವುದು. ಆಚೆ ಬೆಳಕು ಬಿದ್ದ ಕೂಡಲೇ ಅಕ್ಕ ನಿಲ್ಲಿಸಿದ ಶಬ್ದದಿಂದಲೇ ಮಾತು ಎತ್ತಿಕೊಳ್ಳುತ್ತಿದ್ದರು. "ಎಲ್ಲಿಗೆ ಬಂದಿದ್ದೆ?" ಎಂದು ಕೇಳಿದ್ದೇ ಇಲ್ಲ. ಇದು ಎಷ್ಟು ದೊಡ್ಡ ವಿದ್ಯೆ ಎಂದು ನನಗೆ ತಿಳಿದದ್ದು ಒಂದು ತಪ್ಪು ಮಾಡಿದ ಮೇಲೆ.

ಶಿರಸಿಯ ಹುಡುಗಿ ಒಮ್ಮೆ ಸತತ ನಾಲ್ಕು ದಿನ ಬರಲಿಲ್ಲ. ನಮ್ಮದೊಂದು ವಾಟ್ಸಾಪ್ ಗುಂಪಿತ್ತು. ಅದರಲ್ಲಿ ನಾನು, "ಏನವಾ ತಂಗಿ, ಯಾರ ಜೋಡಿ ಓಡಿ ಹೋದಿ? ಊಟಾನರ ಹಾಕಸ್ತಿಯೋ ಇಲ್ಲೋ?" ಎಂದು ಬರೆದೆ. ಐದಾರು ಜನ ನಗುವ ಮುಖ ಹಾಕಿದರು, ಒಬ್ಬಳು ಮದುವೆ ಸೀರೆಯ ಬಣ್ಣ ಕೇಳಿದಳು. ರಾತ್ರಿ ಹೊತ್ತಿಗೆ ಅವಳು ಗುಂಪು ಬಿಟ್ಟಿದ್ದಳು. ಮರುದಿನ ಅಕ್ಕನಿಂದ ಗೊತ್ತಾಯಿತು, ಅವಳ ಅಪ್ಪ ಐಸಿಯುನಲ್ಲಿದ್ದರು. ನಮ್ಮ ನಗು ಅವಳ ಫೋನಿಗೆ ಒಂದೊಂದಾಗಿ ಬಂದದ್ದು ಆಸ್ಪತ್ರೆಯ ಬೆಂಚಿನ ಮೇಲೆ. ನನಗೆ ಆ ದಿನ ಅನ್ನ ಸೇರಲಿಲ್ಲ.

ಭಾನುವಾರ ಆಸ್ಪತ್ರೆಗೇ ಹೋದೆ. "ತಪ್ಪಾತು ತಂಗಿ" ಅಂದೆ, ಗೊತ್ತಿರಲಿಲ್ಲ ಎಂಬ ಸಬೂಬನ್ನು ಬಾಯಿಗೆ ಬಂದರೂ ನುಂಗಿಕೊಂಡೆ. ಅವಳು ಅತ್ತಳು, ಆಮೇಲೆ ನಾನು ತಂದ ಮೊಸರನ್ನ ತಿಂದಳು. ಅವಳಪ್ಪ ಬದುಕಿ ಮನೆಗೆ ಬಂದರು. ಮೂರು ವಾರದ ನಂತರ ಅವಳು ಡಬ್ಬಾ ಹತ್ತಿದಾಗ ಹೇಗೆ ಮಾತಾಡಿಸುವುದೆಂದು ಎಲ್ಲರಿಗೂ ಬಿಗಿತ. ಅಕ್ಕ ಮಾತ್ರ ಸೀಟಿನಲ್ಲಿ ಜರುಗಿ ಜಾಗ ಮಾಡುತ್ತಾ, "ಹ್ವಾಯ್, ಅವತ್ತು ನೀ ಅಪ್ಪೆಹುಳಿಗೆ ಎಂತ ಹಾಕುದು ಅಂದದ್ದು?" ಎಂದು ಕೇಳಿದರು. ಹುಡುಗಿ ಹೇಳತೊಡಗಿದಳು. ಗಾಡಿ ಠಾಣೆ ಸ್ಟೇಷನ್ನಿಗೆ ಬರುವಷ್ಟರಲ್ಲಿ ನಗುತ್ತಿದ್ದಳು. ಸುರಂಗ ದಾಟಿದ ಮೇಲೆ ಮಾತು ಎತ್ತಿಕೊಳ್ಳುವ ರೀತಿಯೇ ಅದು. ಅವಳು ಎಲ್ಲಿದ್ದಳು, ಏನಾಯಿತು ಎಂಬುದನ್ನು ಅವಳಾಗಿಯೇ ಎರಡು ದಿನ ಬಿಟ್ಟು ಹೇಳಿದಳು.

ಅಂದಿನಿಂದ ನಾನು ಪರ್ಸಿನಲ್ಲಿಡುವ ಸಣ್ಣ ಡೈರಿಯ ಕೊನೆಯ ಪುಟದಲ್ಲಿ ಗುರುತು ಹಾಕತೊಡಗಿದೆ. ಯಾರು ಬರಲಿಲ್ಲವೋ ಅವರ ಊರಿನ ಮೊದಲ ಅಕ್ಷರ, ಅಷ್ಟೇ. ಒಂದು ದಿನಕ್ಕೆ ಏನೂ ಮಾಡುವುದಿಲ್ಲ. ಗಾಡಿ ತಪ್ಪಿರುತ್ತದೆ, ಮಗುವಿಗೆ ಜ್ವರ ಬಂದಿರುತ್ತದೆ, ಒಮ್ಮೊಮ್ಮೆ ಸುಮ್ಮನೆ ಮಲಗಬೇಕೆನಿಸಿರುತ್ತದೆ, ಅದೂ ಬೇಕು. ಎರಡನೇ ದಿನವೂ ಬಿಡುತ್ತೇನೆ. ಮೂರನೇ ದಿನ ಸಂಜೆ ಎಂಟರ ಮೇಲೆ, ಕುಕ್ಕರ್ ಇಳಿದಿರುವ ಹೊತ್ತಿಗೆ, ಫೋನ್ ಮಾಡುತ್ತೇನೆ. ಮೆಸೇಜು ಹಾಕುವುದಿಲ್ಲ, ಏಕೆಂದರೆ ಕಷ್ಟದಲ್ಲಿರುವವರು ಮೆಸೇಜಿಗೆ ಹೆಬ್ಬೆರಳು ತೋರಿಸಿ ಮುಗಿಸಿಬಿಡುತ್ತಾರೆ, ದನಿಯಲ್ಲಿ ಹಾಗೆ ಮುಚ್ಚಿಡಲಾಗದು. "ಯಾಕ ಬಂದಿಲ್ಲ?" ಎಂದು ಕೇಳುವುದನ್ನೂ ಬಿಟ್ಟೆ. ಆ ಪ್ರಶ್ನೆ ಆಫೀಸಿನಲ್ಲಿ ಸಾಹೇಬರು ಕೇಳುವಂಥದ್ದು. ನನ್ನದೇ ಏನಾದರೂ ಹೇಳುತ್ತೇನೆ: ಇವತ್ತು ಚಟ್ನಿ ಹಾಗೇ ಉಳಿಯಿತು, ಬೆಳಗಾವಿಯವಳು ನಿನ್ನ ಜಾಗದಲ್ಲಿ ಕೂತು ಗೊರಕೆ ಹೊಡೆದಳು. ಅವರು ನಕ್ಕರೆ ಸರಿ. ನಗದೆ ಸುಮ್ಮನಿದ್ದರೆ ನಾನೂ ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ, ಫೋನ್ ಇಡುವುದಿಲ್ಲ.

ಕಾಲೆಳೆಯುವುದಕ್ಕೂ ಗೆರೆ ಹಾಕಿಕೊಂಡೆ. ಎದುರಿಗಿರುವವರನ್ನು ಮಾತ್ರ, ಅದೂ ಅವರಾಗಿ ನಗೆಗೆ ಬಿಟ್ಟುಕೊಟ್ಟ ವಿಷಯದಲ್ಲಿ ಮಾತ್ರ. ಅಕ್ಕ ತಮ್ಮ ಗಂಡನ ಜಿಪುಣತನವನ್ನು ತಾವೇ ಕಥೆ ಮಾಡಿ ಹೇಳುವರು, ಹಾಗಾಗಿ ಅದು ನಮ್ಮೆಲ್ಲರ ಸ್ವತ್ತು. ಮಕ್ಕಳಿಲ್ಲದವಳ ಮುಂದೆ ಮಕ್ಕಳ ಮಾತೇ ಬೇಡವೆಂದಲ್ಲ, ಅವಳು ಎತ್ತಿದರೆ ಎತ್ತಬೇಕು. ಬಾರದವರ ಗೈರುಹಾಜರಿಗೆ ಕಾರಣ ಕಟ್ಟಿ ನಗುವುದು ಮಾತ್ರ ಖಂಡಿತ ಕೂಡದು.

ಸೀಟಿನ ಬಗ್ಗೆಯೂ ಹೇಳಬೇಕು. ಮೊದಮೊದಲು ಬಾರದವರಿಗಾಗಿ ಚೀಲ ಇಟ್ಟು ಜಾಗ ಹಿಡಿಯುತ್ತಿದ್ದೆವು. ಮೂವರ ಬೆಂಚಿನ ತುದಿಯಲ್ಲಿ ಅರ್ಧ ಕುಂಡೆ ಊರುವ ಚೌಥಿ ಸೀಟಿಗೂ ಹೆಂಗಸರು ಹಂಬಲಿಸುವ ಗಾಡಿಯದು. ಕಲ್ಯಾಣ ಕಡೆಯಿಂದ ನಿಂತೇ ಬಂದವರ ಕಣ್ಣೆದುರು ಚೀಲಕ್ಕೆ ಸೀಟು ಕೊಡುವುದು ಸರಿಯಲ್ಲವೆಂದು ನಾನೇ ಜಗಳ ಮಾಡಿ ನಿಲ್ಲಿಸಿದೆ. ಬಾರದವರ ಜಾಗವನ್ನು ಮಾತಿನಲ್ಲಿ ಇಟ್ಟರೆ ಸಾಕು.

2020ರ ಮಾರ್ಚ್ 22ರ ಮಧ್ಯರಾತ್ರಿ ಕೊರೊನಾದಿಂದಾಗಿ ಲೋಕಲ್‌ಗಳು ನಿಂತವು. ಡೈರಿಯ ಲೆಕ್ಕದಲ್ಲಿ ಹನ್ನೊಂದೂ ಜನ ಗೈರುಹಾಜರು. ಒಂದು ವಾರ ಗುಂಪಿನಲ್ಲಿ ಬರೀ ಕಷಾಯದ ವಿಧಾನ, ಹೆದರಿಸುವ ವಿಡಿಯೋ. ಒಂದು ಬೆಳಿಗ್ಗೆ ಎಂಟೂಕಾಲಿಗೆ ಸರಿಯಾಗಿ ನಾನು, "ಗಾಡಿ ಬಿಡ್ತು, ಸರದು ಕೂಡ್ರಿ" ಎಂದು ಬರೆದೆ. ಕ್ಷಣದಲ್ಲಿ ಶಿರಸಿಯವಳು, "ವೈನಿ, ನಿಮ್ಮ ಚೀಲ ನನ್ನ ಕಾಲ ಮೇಲಿದೆ" ಎಂದಳು. ದಿವಾ ಬಂತು, ಸುರಂಗ ಬಂತು, ಅಲ್ಲಿ ಎರಡು ನಿಮಿಷ ಯಾರೂ ಬರೆಯಲಿಲ್ಲ. ಠಾಣೆಯಲ್ಲಿ ನೂಕುನುಗ್ಗಲು. ಅಕ್ಕನಿಗೆ ಟೈಪ್ ಮಾಡಲು ಬಾರದು, ದನಿ ಕಳಿಸುವರು, ಹಿಂದೆ ಅವರ ಮನೆಯ ಮಿಕ್ಸರ್ ಸದ್ದು. ಹೀಗೆ ದಿನಾ ಸುಮಾರು ಒಂದು ತಾಸು ಇಲ್ಲದ ಗಾಡಿ ಓಡಿಸಿದೆವು. ಎಂಟೂಕಾಲಿಗೆ ಯಾರು ಹತ್ತಲಿಲ್ಲ ಎಂಬುದು ಇಲ್ಲಿಯೂ ಗೊತ್ತಾಗುತ್ತಿತ್ತು, ಮೂರನೇ ದಿನದ ಫೋನು ಇಲ್ಲಿಯೂ ನಡೆಯಿತು. ಹಾಗೆ ಮಾಡಿದ ಒಂದು ಫೋನಿನಲ್ಲಿಯೇ ಒಬ್ಬಳ ಗಂಡನ ಕೆಲಸ ಹೋಗಿ ಮನೆಯಲ್ಲಿ ಅಕ್ಕಿ ಮುಗಿದದ್ದು ತಿಳಿಯಿತು. ಅದನ್ನು ನಾವು ಮೂವರು ನೋಡಿಕೊಂಡೆವು, ಗುಂಪಿಗೆ ಹೇಳಲಿಲ್ಲ.

ಜೂನ್ 15ಕ್ಕೆ ಅಗತ್ಯ ಸೇವೆಯವರಿಗೆ ಲೋಕಲ್ ಶುರುವಾಯಿತು. ನಮ್ಮ ನರ್ಸ್ ಒಬ್ಬಳೇ ಹತ್ತಿ, ಖಾಲಿ ಮೂಲೆಯ ಫೋಟೋ ಕಳಿಸಿದಳು. ಅದಕ್ಕೆ ಯಾರೂ ತಮಾಷೆ ಮಾಡಲಿಲ್ಲ. ಅಕ್ಕ ಮಾತ್ರ, "ನನ್ನ ಕಿಟ್ಕಿ ಮುಚ್ಚಿಟ್ಟದ್ದ್ ಯಾರ್, ತೆಗಿ" ಎಂದು ದನಿ ಕಳಿಸಿದರು. ನರ್ಸ್ ಕಿಟಕಿ ತೆಗೆದು ಇನ್ನೊಂದು ಫೋಟೋ ಹಾಕಿದಳು.

2021ರ ಆಗಸ್ಟ್ 15ರಿಂದ ಎರಡು ಡೋಸ್ ಆದವರಿಗೆಲ್ಲ ಗಾಡಿ ತೆರೆದಾಗ ಮರಳಿದವರು ಆರು ಜನ. ಇಬ್ಬರಿಗೆ ಮನೆಯಿಂದಲೇ ಕೆಲಸ ಖಾಯಂ ಆಯಿತು, ಇಬ್ಬರು ಪುಣೆ ಕಡೆ ಹೋದರು. ಅಕ್ಕ ಕೆಲಸ ಬಿಟ್ಟು ಊರಿಗೆ ಹೊರಟರು. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಠಾಣೆಯಲ್ಲಿ ನಿಲ್ಲುವ ಸ್ವಲ್ಪ ಹೊತ್ತಿನಲ್ಲಿ ಕಿಟಕಿಯ ಸರಳಿನ ಸಂದಿಯಿಂದ ಅವರಿಗೆ ಚಟ್ನಿಯ ಡಬ್ಬಿ ಕೊಟ್ಟೆ. ಆ ದಿನವೂ ಪೊಲೀಸರ ಹೆಸರು ಹೇಳಿಯೇ ತೆಗೆದುಕೊಂಡರು.

ಗಾಡಿಯಲ್ಲಿ ಐದು ಜನ ಇಲ್ಲದಿದ್ದರೂ ಗುಂಪಿನಲ್ಲಿ ಈಗಲೂ ಹನ್ನೊಂದು ಮಂದಿ ಇದ್ದೇವೆ. ಎಂಟೂಕಾಲಿಗೆ ಕುಂದಾಪುರದಿಂದ ಅಕ್ಕನ ದನಿ ಬರುತ್ತದೆ, ಹಿಂದೆ ಮಿಕ್ಸರ್ ಬದಲು ಕಾಗೆ. ಕಳೆದ ಮಳೆಗಾಲದಲ್ಲಿ ಎರಡು ದಿನ ಬರಲಿಲ್ಲ. ಮೂರನೇ ಸಂಜೆ ಫೋನ್ ಮಾಡಿದೆ, ಸ್ವಿಚ್ ಆಫ್. ನಾಲ್ಕನೇ ದಿನ ಗಾಡಿಯಲ್ಲಿಯೇ ಮತ್ತೆ ಮಾಡಿದೆ, ಸ್ಪೀಕರ್ ಹಾಕಿ. ಐದು ತಲೆ ನನ್ನ ಫೋನಿನ ಮೇಲೆ ಬಾಗಿದ್ದವು. ಎಷ್ಟೋ ಸಲ ರಿಂಗಾದ ಮೇಲೆ ಎತ್ತಿದರು.

"ಅಕ್ಕಾರ, ಇವತ್ತ ಚಟ್ನಿಗೆ ಪುಟಾಣಿ ಜಾಸ್ತಿ ಆಗೇದ್ರಿ" ಅಂದೆ.

"ಗಾಳಿಗೆ ಕಂಬ ಬಿದ್ದ್ ಮೂರ್ ದಿನ ಕರೆಂಟ್ ಇಲ್ಲ ಮಾರಾಯ್ತಿ, ಫೋನ್ ಸತ್ತ್ ಹೋಯಿತ್ತ್" ಎಂದರು ಅಕ್ಕ. ಉಸಿರು ತೆಗೆದುಕೊಂಡು, "ಕಿಟ್ಕಿ ಬದಿಗ್ ಯಾರ್ ಕೂಕಂಡದ್ದ್?"

"ನಾನೇ ಅಕ್ಕಾ" ಎಂದಳು ಶಿರಸಿಯವಳು.

"ಏಳ್" ಎಂದರು ಅಕ್ಕ.