ಮನೆಯಲ್ಲಿ ತಾಜಾ ಸಾಲ್ಮನ್‌ಗೆ ಹೊಗೆ ಕೊಡುವ ಕ್ರಮ

ಸಾಲ್ಮನ್‌ಗೆ ಹೊಗೆ ಕೊಡಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಯಾವ ಸ್ಮೋಕರ್ (ಹೊಗೆ ಕೊಡುವ ಪೆಟ್ಟಿಗೆ) ಕೊಳ್ಳಬೇಕು, ಯಾವ ಮರ ಉರಿಸಬೇಕು ಎಂಬುದನ್ನು. ಆದರೆ ಮೀನು ಚೆನ್ನಾಗಿ ಬರುವುದೋ ಕೆಡುವುದೋ ಎಂಬುದು ಬಹುಮಟ್ಟಿಗೆ ಬೆಂಕಿ ಹೊತ್ತಿಸುವ ಮೊದಲೇ, ಉಪ್ಪು ಹಚ್ಚಿ ಆರಿಸುವ ಹಂತದಲ್ಲೇ ತೀರ್ಮಾನವಾಗಿರುತ್ತದೆ. ಅಮೆರಿಕದ ವಾಯವ್ಯ ಭಾಗದ ಮೂಲನಿವಾಸಿಗಳ ಪದ್ಧತಿಯಲ್ಲಿಯೂ ಮುಖ್ಯವಾಗಿದ್ದುದು ನೀರಿನಂಶ ತೆಗೆಯುವುದೇ. ಕೊಲಂಬಿಯಾ ನದಿಯ ಸೆಲೈಲೊ ಜಲಪಾತದ ಬಳಿ, 1957ರಲ್ಲಿ ಅದು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವವರೆಗೂ, ಸಾಲ್ಮನ್ ಹಿಡಿದು ಕಣಿವೆಯ ಒಣಗಾಳಿಗೆ ಒಣಗಿಸುತ್ತಿದ್ದರು. ಮಳೆ ಹೆಚ್ಚಿರುವ ಕಡಲಂಚಿನಲ್ಲಿ ಗಾಳಿಯನ್ನಷ್ಟೇ ನೆಚ್ಚಿಕೊಳ್ಳಲಾಗದೆ ಹೊಗೆಯ ಆಸರೆ ಪಡೆಯುತ್ತಿದ್ದರು.

ಹೊಗೆ ಕೊಡುವುದರಲ್ಲಿ ತಣ್ಣನೆಯದು, ಬಿಸಿಯದು ಎಂಬ ಎರಡು ಬಗೆಗಳಿವೆ. ತಣ್ಣನೆಯ ಬಗೆಯಲ್ಲಿ ಉಷ್ಣತೆ ಸುಮಾರು 30 ಡಿಗ್ರಿ ಸೆಲ್ಸಿಯಸ್ ಮೀರುವುದಿಲ್ಲವಾದ್ದರಿಂದ ಮೀನು ಹಸಿಯಾಗಿಯೇ ಉಳಿಯುತ್ತದೆ; ಲಿಸ್ಟೀರಿಯಾದಂತಹ ರೋಗಾಣುಗಳೂ ಪರಾವಲಂಬಿ ಹುಳುಗಳೂ ಅಷ್ಟು ಶಾಖಕ್ಕೆ ಸಾಯುವುದಿಲ್ಲ. ಅದನ್ನು ಕಾರ್ಖಾನೆಗಳಿಗೆ ಬಿಟ್ಟುಬಿಡುವುದು ವಿವೇಕ. ಇಲ್ಲಿ ಹೇಳುತ್ತಿರುವುದು ಮೀನು ಪೂರ್ತಿ ಬೇಯುವ ಬಿಸಿ ಹೊಗೆಯ ಕ್ರಮವನ್ನು ಮಾತ್ರ.

ಕೊಬ್ಬು ಹೆಚ್ಚಿರುವ ಕಿಂಗ್ ಸಾಲ್ಮನ್ ಅಥವಾ ಸಾಕಣೆಯ ಅಟ್ಲಾಂಟಿಕ್ ಸಾಲ್ಮನ್ ಹೊಗೆಯನ್ನು ಚೆನ್ನಾಗಿ ಹೀರುತ್ತದೆ, ಬೇಗ ಒಣಗುವುದೂ ಇಲ್ಲ. ಸಾಕೈ ಎಂಬ ಬಗೆಯ ಸಾಲ್ಮನ್ ಹೆಚ್ಚು ರುಚಿಕರವಾದರೂ ತೆಳುವಾದ್ದರಿಂದ ಅದರ ಮೇಲೆ ಕಣ್ಣಿಟ್ಟಿರಬೇಕು. ಚರ್ಮ ಸುಲಿಯದ ಒಂದು ಕಿಲೋ ಮೀನಿನ ಪಟ್ಟಿಯನ್ನು ತೆಗೆದುಕೊಂಡು, ಬೆರಳಾಡಿಸಿ ಸಣ್ಣ ಮುಳ್ಳುಗಳನ್ನು ಹುಡುಕಿ, ಚಿಮಟದಿಂದ ಕಿತ್ತು, ಒಂದೇ ದಪ್ಪದ ತುಂಡುಗಳಾಗಿ ಕತ್ತರಿಸಿಕೊಳ್ಳಬೇಕು. ದಪ್ಪ ಬೇರೆಬೇರೆಯಾದರೆ ಉಪ್ಪೂ ಶಾಖವೂ ಹೆಚ್ಚುಕಡಿಮೆಯಾಗುತ್ತವೆ.

ಅಯೋಡಿನ್ ಸೇರಿಸದ 100 ಗ್ರಾಂ ಉಪ್ಪಿಗೆ 200 ಗ್ರಾಂ ಕಂದು ಸಕ್ಕರೆಯನ್ನೋ ಬೆಲ್ಲದ ಪುಡಿಯನ್ನೋ ಬೆರೆಸಿ, ಬೇಕಿದ್ದರೆ ಒಂದಿಷ್ಟು ಕುಟ್ಟಿದ ಕಾಳುಮೆಣಸು ಸೇರಿಸಿ, ತುಂಡುಗಳ ಮೇಲೆಲ್ಲ ಹಚ್ಚಿ, ಗಾಜಿನ ಪಾತ್ರೆಯಲ್ಲಿ ಮುಚ್ಚಿ ಫ್ರಿಜ್ಜಿನಲ್ಲಿಡಬೇಕು. ಒಂದು ಇಂಚು ದಪ್ಪದ ತುಂಡಿಗೆ ಆರರಿಂದ ಎಂಟು ಗಂಟೆ ಸಾಕು. ಅಷ್ಟರಲ್ಲಿ ಮೀನು ನೀರು ಬಿಟ್ಟು ಗಟ್ಟಿಯಾಗಿರುತ್ತದೆ. ಬಳಿಕ ತಣ್ಣೀರಿನಲ್ಲಿ ಬೇಗನೆ ತೊಳೆದು, ಬಟ್ಟೆಯಿಂದ ಒತ್ತಿ ಒರೆಸಬೇಕು.

ಇನ್ನು ಆರಿಸುವ ಕೆಲಸ. ಅವಸರದವರು ಬಿಟ್ಟುಬಿಡುವುದು ಇದನ್ನೇ, ಅದಕ್ಕೆ ತಕ್ಕ ಫಲವೂ ಅವರಿಗೆ ಸಿಗುತ್ತದೆ. ತಂತಿ ಜಾಲರಿಯ ಮೇಲೆ ಚರ್ಮ ಕೆಳಗಾಗುವಂತೆ ತುಂಡುಗಳನ್ನು ಹರಡಿ, ಮುಚ್ಚದೆ ಫ್ರಿಜ್ಜಿನಲ್ಲಿ ರಾತ್ರಿಯಿಡೀ ಬಿಟ್ಟರೆ, ಉಪ್ಪಿನಿಂದ ಮೇಲೆ ಬಂದ ಪ್ರೋಟೀನ್ ಒಣಗಿ, ಮುಟ್ಟಿದರೆ ಅಂಟುವ, ಆದರೆ ಒದ್ದೆಯಾಗಿಲ್ಲದ ಹೊಳಪಿನ ಪೊರೆಯೊಂದು ಮೂಡುತ್ತದೆ. ಹೊಗೆ ಸಮನಾಗಿ ಹಿಡಿಯುವುದು ಈ ಪೊರೆಯ ಮೇಲೆ. ಒದ್ದೆ ಮೈಯ ಮೇಲೆ ಅದು ಕಲೆಕಲೆಯಾಗಿ ಕೂತು ಕಹಿಯಾಗುತ್ತದೆ.

ಸ್ಮೋಕರನ್ನು ಬಯಲಿನಲ್ಲಿಯೇ ಇಡಬೇಕು. ಇದ್ದಿಲನ್ನು ಮನೆಯೊಳಗೆ ಉರಿಸಿದರೆ ಕಾರ್ಬನ್ ಮಾನಾಕ್ಸೈಡ್ ಜೀವಕ್ಕೇ ಎರವಾಗುತ್ತದೆ. ಸ್ಮೋಕರ್ ಇಲ್ಲದವರು ಮುಚ್ಚಳವಿರುವ ಗ್ರಿಲ್ಲಿನ ಒಂದು ಬದಿಗೆ ಕೆಂಡವನ್ನೂ ಇನ್ನೊಂದು ಬದಿಗೆ ಮೀನನ್ನೂ ಇಟ್ಟುಕೊಳ್ಳಬಹುದು. ಹೊಗೆಗೆ ಆಲ್ಡರ್ ಮರದ ಚೂರು ಉರಿಸುವುದು ಅಮೆರಿಕದ ವಾಯವ್ಯ ಸೀಮೆಯ ರೂಢಿ. ಸೇಬು, ಚೆರ್ರಿ ಮರಗಳೂ ಒಗ್ಗುತ್ತವೆ, ರಾಳವಿರುವ ಪೈನ್ ಮಾತ್ರ ಬೇಡ. ಚೂರುಗಳನ್ನು ನೆನೆಸಿದರೆ ಮೊದಲು ಬರುವುದು ಹೊಗೆಯಲ್ಲ, ಹಬೆ. ಗಾಳಿಕಿಂಡಿಯನ್ನು ತೆರೆದಿಟ್ಟು, ತೆಳ್ಳಗಿನ ನೀಲಿ ಛಾಯೆಯ ಹೊಗೆ ಬರುವಂತೆ ನೋಡಿಕೊಳ್ಳಬೇಕು.

ಮೊದಲ ಒಂದು ಗಂಟೆ ಪೆಟ್ಟಿಗೆಯ ಉಷ್ಣತೆ 60ರಿಂದ 65 ಡಿಗ್ರಿಯಲ್ಲಿರಲಿ. ಅನಂತರ 80ಕ್ಕೆ, ಕೊನೆಗೆ 100ರ ಆಸುಪಾಸಿಗೆ ಏರಿಸಿ. ಆರಂಭದಲ್ಲೇ ಹೆಚ್ಚು ಶಾಖ ಕೊಟ್ಟರೆ ಮೀನಿನಿಂದ ಬಿಳಿಯ ಪ್ರೋಟೀನ್ ಗಂಟುಗಂಟಾಗಿ ಹೊರಬರುತ್ತದೆ. ತಿನ್ನಲು ತೊಂದರೆಯಿಲ್ಲ, ಅದನ್ನು ಕುಂಚದಿಂದ ಒರೆಸಿ ಸ್ವಲ್ಪ ಜೇನು ಸವರಿದರಾಯಿತು. ಅತ್ಯಂತ ದಪ್ಪದ ತುಂಡಿನ ನಡುವೆ ಥರ್ಮಾಮೀಟರ್ ಚುಚ್ಚಿ ನೋಡಿದಾಗ 65 ಡಿಗ್ರಿ ತೋರಿಸಬೇಕು, ಅಲ್ಲಿಂದಾಚೆ ಅರ್ಧ ಗಂಟೆ ಆ ಶಾಖ ಇಳಿಯಬಾರದು. ಬಣ್ಣ ನೋಡಿ ಬೆಂದಿದೆಯೆಂದು ನಿರ್ಧರಿಸುವುದು ಅಪಾಯಕರ, ಏಕೆಂದರೆ ಹೊಗೆಯ ಬಣ್ಣ ಬೇಯುವುದಕ್ಕಿಂತ ಮೊದಲೇ ಬಂದುಬಿಡುತ್ತದೆ.

ನಮ್ಮ ಕರಾವಳಿಯ ಒಣಮೀನಿನಂತೆ ಇದನ್ನು ಡಬ್ಬಿಯಲ್ಲಿ ತುಂಬಿ ಹೊರಗಿಡಲಾಗದು. ಇದರಲ್ಲಿ ಉಪ್ಪು ಕಡಿಮೆ, ನೀರಿನಂಶ ಹೆಚ್ಚು. ಪೂರ್ತಿ ತಣಿದ ಮೇಲೆ ಸುತ್ತಿ ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಬೇಕು, ಹೆಚ್ಚು ದಿನಕ್ಕೆ ಬೇಕಾದರೆ ಫ್ರೀಜರಿನಲ್ಲಿಡಬೇಕು. ಗಾಳಿ ತೆಗೆದು ಮೊಹರು ಮಾಡಿದ ಪೊಟ್ಟಣಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು: ಬಾಟ್ಯುಲಿಸಂ ಎಂಬ ಮಾರಕ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾದ ಒಂದು ಬಗೆ ಆಮ್ಲಜನಕವಿಲ್ಲದ ಕಡೆ 3.3 ಡಿಗ್ರಿಯಷ್ಟು ತಂಪಿನಲ್ಲಿಯೂ ಬೆಳೆಯಬಲ್ಲುದು. ಆದ್ದರಿಂದ ಅಂಥ ಪೊಟ್ಟಣಗಳು ಸದಾ ಫ್ರೀಜರಿನಲ್ಲಿಯೇ ಇರಲಿ. ಕರಗಿಸಲು ಹೊರತೆಗೆದಾಗ ಮೊದಲು ಪೊಟ್ಟಣವನ್ನು ಕತ್ತರಿಸಿ ತೆರೆದು, ಅನಂತರ ಫ್ರಿಜ್ಜಿನಲ್ಲಿಡಿ.